ಅಕ್ಕೋರು ಅರ್ಧಕ್ಕೆ ಬಿಟ್ಟ ಮಾತು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾವು ಮಾಡಿದ ಕಂಪ್ಯೂಟರ್ ಆಟದೊಳಗಿನ ಮುದುಕಿ, ಮನೆಗೆ ಬಂದವರಿಗೆ ಮೊದಲು ‘ಹೋಗಿ ಬರ್ರಿ’, ಆಮೇಲೆ ‘ಚಾ ಕುಡೀರಿ’, ಕಡೆಗೆ ‘ಬರ್ರಿ, ಕುಂಡ್ರಿ’ ಎನ್ನುವಂತೆ ಮಾಡಿದ ಮಹಾನುಭಾವ ನಾನೇ. ಊರಿನವರ ದನಿಯನ್ನೆಲ್ಲ ಅಣಕಿಸಬಲ್ಲ ನನಗೆ ಮೂರು ಮಾತನ್ನು ಸಾಲಾಗಿ ಜೋಡಿಸಲು ಬರಲಿಲ್ಲ. ಆ ಮುದುಕಿಯ ದನಿ ನಮಗೆ ಕಲಿಸಿದ ಸುಮಂಗಲಾ ಅಕ್ಕೋರದು.

ಹಿರೇಕೆರೂರಿನಲ್ಲಿ ಬಟ್ಟೆ ಅಂಗಡಿಯ ಮೇಲಿನ ಕೋಣೆಯಲ್ಲಿ ಅವರ ಕಂಪ್ಯೂಟರ್ ಕ್ಲಾಸು. ಮಾಸೂರಿನಿಂದ ಬಸ್ಸಿಗೆ ಬರುತ್ತಿದ್ದರು. ಮಾತನ್ನು ಎಲ್ಲಿ ಬಿಟ್ಟಿರುತ್ತಾರೋ ಅಲ್ಲಿಂದಲೇ ಎತ್ತಿಕೊಳ್ಳುವುದು ಅವರ ವಿಶೇಷ. ಪಾಠದ ನಡುವೆ ಯಾರದೋ ತಂದೆ ಬಾಗಿಲಿಗೆ ಬರುವರು, ಅವರೊಡನೆ ಮಾತಾಡುವಾಗ ಫೋನು ಬಡಿದುಕೊಳ್ಳುವುದು, ಫೋನಿನಲ್ಲಿರುವಾಗ ಕರೆಂಟು ಹೋಗುವುದು. ಪ್ರತಿ ಸಲವೂ ‘ತಡೀರಿ, ಬಂದೆ’. ಆಮೇಲೆ ಕರೆಂಟಿನ ಗೊಡವೆ ಮುಗಿಸಿ, ಫೋನು ಮುಗಿಸಿ, ಆ ತಂದೆಯನ್ನು ಕಳಿಸಿ, ‘ಎಲ್ಲಿದ್ವಿ? ಹಾಂ’ ಎಂದು ನಿಂತಿದ್ದ ವಾಕ್ಯದ ಮುಂದಿನ ಶಬ್ದದಿಂದಲೇ ಶುರು. ಅಷ್ಟರಲ್ಲಿ ನಾವು ವಾಕ್ಯವನ್ನಲ್ಲ, ವಿಷಯವನ್ನೇ ಮರೆತಿರುತ್ತಿದ್ದೆವು.

ಒಂದು ದಿನ ನಾನು ಮೂಗಿನಲ್ಲಿ ಆ ‘ಎಲ್ಲಿದ್ವಿ? ಹಾಂ’ ಅಣಕಿಸುತ್ತಿದ್ದಾಗ ಅವರು ಹಿಂದೆಯೇ ನಿಂತಿದ್ದರು. “ಮೂಗು ಇನ್ನೊಂಚೂರು ಹಿಡಿಲೇ. ನನ್ನ ನೆಗಡಿ ಇಷ್ಟ ಸಣ್ಣದಲ್ಲ,” ಎಂದು ತಿದ್ದಿ ಒಳಗೆ ಹೋದರು.

ಆಟಗಳಲ್ಲಿ ಬರುವ ಸ್ಟ್ಯಾಕ್ ಎಂದರೇನು ಎಂದು ಹೇಳಿಕೊಟ್ಟ ದಿನ ಅವರು ಬೋರ್ಡು ಮುಟ್ಟಲಿಲ್ಲ. ಬುತ್ತಿ ಬಿಚ್ಚಿ ಖಡಕ್ ರೊಟ್ಟಿಗಳನ್ನು ಮೇಜಿನ ಮೇಲೆ ಒಂದರ ಮೇಲೊಂದು ಇಟ್ಟರು. ಕಡೆಗೆ ಇಟ್ಟದ್ದು ಮೊದಲು ಕೈಗೆ ಬರಬೇಕು, ಅಷ್ಟೇ ನಿಯಮ. ನಾನು ಜಾಣತನ ತೋರಿಸಲು ತಳದ್ದನ್ನು ಎಳೆದೆ. ರೊಟ್ಟಿ ಲಟಕ್ಕನೆ ಮುರಿದು ಚೂರಾಯಿತು. ಆ ಚೂರುಗಳನ್ನೇ ಶೇಂಗಾ ಚಟ್ನಿಯ ಜೊತೆ ನನಗೆ ತಿನ್ನಿಸಿ ಪಾಠ ಮುಂದುವರಿಸಿದರು. ಆಡುವಾಗ ಚೀಲ ತೆರೆದರೆ ಆಟದ ಮೇಲೆ ಚೀಲ ಬಂದು ಕೂರುತ್ತದೆ, ಚೀಲದ ಮೇಲೆ ನಕಾಶೆ. ನಕಾಶೆ ಮುಚ್ಚಿದರೆ ಚೀಲ, ಚೀಲ ಮುಚ್ಚಿದರೆ ಆಟ. ಆಟ ಬಿಟ್ಟ ಜಾಗದಲ್ಲೇ ನಿಂತು ಕಾಯುತ್ತಿರುತ್ತದೆ. ನನಗೆ ಅದು ಅಕ್ಕೋರ ಫೋನು, ಬಾಗಿಲು, ಪಾಠದ ಹಾಗೆಯೇ ಕಂಡಿತು.

ಆಮೇಲೆ ನಾವೇ ಒಂದು ಪುಟ್ಟ ಆಟ ಕಟ್ಟತೊಡಗಿದೆವು. ತಪ್ಪಿಸಿಕೊಂಡ ಎಮ್ಮೆಯನ್ನು ಹುಡುಕುತ್ತ ಹುಡುಗನೊಬ್ಬ ಮನೆಮನೆಗೆ ಹೋಗುತ್ತಾನೆ. ಮುದುಕಿಯ ದನಿ ನನ್ನದೇ ಆಗಬೇಕೆಂದು ಹಟ ಹಿಡಿದು ಕೊಟ್ಟೂ ನೋಡಿದೆ. “ಹಸಿದ ಆಡು ಒದರಿದಂಗ ಐತಿ. ಇಂಥ ಮನಿಗೆ ಯಾರ ಬರ್ತಾರ?” ಎಂದ ಅಕ್ಕೋರು ತಮ್ಮ ದನಿಯನ್ನೇ ರೆಕಾರ್ಡು ಮಾಡಿಕೊಟ್ಟರು. ನಾನು ಹೊಸ ಪಾಠದ ಹುರುಪಿನಲ್ಲಿ ಅವರ ಮಾತುಗಳನ್ನು ರೊಟ್ಟಿಯ ಹಾಗೆ ಒಟ್ಟಿದೆ. ಆಟ ಮೇಲಿನಿಂದ ಎತ್ತಿತು. ಮುದುಕಿ ಬಂದವನನ್ನು ಬಾಗಿಲಲ್ಲೇ ಬೀಳ್ಕೊಟ್ಟಳು.

ಅಕ್ಕೋರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಲ್ಲುವಾಗ ಹೊಟ್ಟೆ ಹಿಡಿದುಕೊಂಡರು. ಕೆಲವು ದಿನಗಳಿಂದ ಹೀಗೆ ಹಿಡಿದುಕೊಳ್ಳುತ್ತಿದ್ದರು; ನಾನು ಅದನ್ನೂ ಅಣಕಿಸಿದ್ದೆ.

“ನಿನ್ನ ತಪ್ಪು ಎಲ್ಲೈತಿ ಅಂದ್ರ,” ಎಂದು ಶುರು ಮಾಡುವಷ್ಟರಲ್ಲಿ ಕೆಳಗಿನಿಂದ ಅವರ ತಮ್ಮ ಕೂಗಿದ. ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಗಾಡಿ ತಂದಿದ್ದ.

“ತಡಿ, ಬಂದೆ,” ಎಂದು ಎದ್ದರು.

ಆಪರೇಷನ್ನಿನ ಮೇಲೆ ಜ್ವರ, ಜ್ವರದ ಮೇಲೆ ಇನ್ನೊಂದು. ಒಂದರ ಮೇಲೊಂದು ಬಂದು ಕೂತವು, ಮೇಲಿನದು ಏಳಲೇ ಇಲ್ಲ. ಅವರನ್ನು ಮಾಸೂರಿನ ಹೊಲದಲ್ಲಿ ಮಣ್ಣು ಮಾಡಿ ಬಂದ ಮೇಲೂ ನಾನು ಆ ವಾಕ್ಯದ ಉಳಿದರ್ಧಕ್ಕೆ ಕಾಯುತ್ತಿದ್ದೆ. ಅಷ್ಟು ರೂಢಿಯಾಗಿತ್ತು. ಗೆಳೆಯರು ಅಕ್ಕೋರ ದನಿ ಮಾಡೆಂದರೆ ಈಗ ಬೇರೆ ಯಾರದೋ ಮಾಡಿ ತಪ್ಪಿಸಿಕೊಳ್ಳುತ್ತೇನೆ.

ತಪ್ಪು ಎಲ್ಲಿತ್ತೆಂದು ಕಡೆಗೆ ನಾನೇ ಕಂಡುಕೊಂಡೆ. ಮಾತು ರೊಟ್ಟಿಯಲ್ಲ. ರೇಷನ್ ಅಂಗಡಿಯ ಸಾಲಿನಂತೆ ಮೊದಲು ಬಂದದ್ದು ಮೊದಲು ಹೋಗಬೇಕು. ತಿದ್ದುವ ಮೊದಲೇ ಅಕ್ಕೋರ ಅವ್ವ ನೀಲವ್ವನಿಂದ ಕರೆ ಬಂತು. ಮಗಳ ದನಿ ಬೇರೆಲ್ಲೂ ಉಳಿದಿಲ್ಲವಂತೆ, ಆಟದೊಳಗೆ ಇದೆಯೆಂದು ಯಾರೋ ಹೇಳಿದರಂತೆ, ಒಮ್ಮೆ ಕೇಳಬೇಕಂತೆ.

ಲ್ಯಾಪ್‌ಟಾಪ್ ಹೊತ್ತು ಮಾಸೂರಿಗೆ ಹೋದೆ. ಅಕ್ಕೋರ ತಮ್ಮನ ಮಕ್ಕಳು ಸುತ್ತ ಮುತ್ತಿದವು. ನೀಲವ್ವ ಗೋಡೆಗೆ ಒರಗಿ ಕೂತರು. ಹೋಗಿ ಬರ್ರಿ. ಚಾ ಕುಡೀರಿ. ಬರ್ರಿ, ಕುಂಡ್ರಿ. ಮಕ್ಕಳು ಬಿದ್ದು ಬಿದ್ದು ನಕ್ಕವು. ನೀಲವ್ವ ಮತ್ತೊಮ್ಮೆ ಹಾಕಿಸಿದರು, ಮತ್ತೂ ಒಮ್ಮೆ ಹಾಕಿಸಿದರು.

ಉಲ್ಟಾ ಆಗೇತಿ ಅವ್ವ, ಇಲ್ಲೇ ಕುಂತು ಸರಿ ಮಾಡ್ತೇನ್ರಿ ಎಂದು ನಾಚಿಕೊಂಡು ಕೈ ಹಾಕಿದೆ. ನೀಲವ್ವ ಆ ಕೈ ಹಿಡಿದುಕೊಂಡರು.

“ಅದಕ್ಕ ಕೈ ಹಚ್ಚಬ್ಯಾಡ. ಹೋಗಿ ಬರ್ತೇನಿ ಅಂದಾಕಿ ಬರಲಿಲ್ಲ. ಇದರಾಗರ ಕಡೀಕ ಬರ್ರಿ ಅನ್ಲಿ.”