ಹದಿಮೂರು ಮಂದಿಗೆ ಒಂದು ಲೆನ್ಸು

ಮೂರು ವರ್ಷದ ಹಿಂದೆ ನಾನು ಕಮಲಾಪುರದ ನಾಗಮ್ಮನನ್ನು ಕತ್ತರಿಸಿದೆ. ಕುಡಗೋಲಿನಿಂದಲ್ಲ, ಐವತ್ತರ ಲೆನ್ಸಿನಿಂದ. ಫೋಟೋದಲ್ಲಿ ಅವಳ ಬಲಗೈ ಮಾತ್ರ ಉಳಿಯಿತು. ಕೈಯಲ್ಲಿ ಆರತಿ ತಟ್ಟೆ ಇತ್ತು. ತಟ್ಟೆ ಚೆನ್ನಾಗಿ ಬಂದಿತ್ತು, ದೀಪವೂ ಚೆನ್ನಾಗಿ ಬಂದಿತ್ತು. ನಾಗಮ್ಮ ಇರಲಿಲ್ಲ.

ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಬಸ್ಸು ಹೋಗಿಬಿಡುತ್ತದೆ. ಆದರೆ ಅಂಕಿ ಮಾತ್ರ ತಪ್ಪುವುದಿಲ್ಲ. ಲೆನ್ಸಿನ ಮೇಲೆ ಬರೆದಿರುವುದು ಅಂಕಿಯೇ ಆದ್ದರಿಂದ ಈ ಧಂದೆಯಲ್ಲಿ ಉಳಿದುಕೊಂಡೆ. ನಂಬರು ದೊಡ್ಡದಾದಷ್ಟು ದೂರದವರು ಹತ್ತಿರ ಬರುತ್ತಾರೆ, ಅಕ್ಕಪಕ್ಕದವರು ಹೊರಗೆ ಹೋಗುತ್ತಾರೆ. ನಂಬರು ಸಣ್ಣದಾದಷ್ಟು ಅಕ್ಕಪಕ್ಕದವರೆಲ್ಲ ಒಳಗೆ ಬರುತ್ತಾರೆ. ಇಷ್ಟು ತಿಳಿದರೆ ಸಾಕು. ಉಳಿದದ್ದನ್ನು ಹೇಳುವವರು ಲೆನ್ಸು ಮಾರುವವರು.

ನನ್ನ ಗಂಡ ಸತ್ತಾಗ ಒಂದು ಕ್ಯಾಮೆರಾ, ಮೂರು ಲೆನ್ಸು ಬಿಟ್ಟುಹೋದ. ಐವತ್ತು, ಎಂಬತ್ತೈದು, ಎಪ್ಪತ್ತು-ಇನ್ನೂರು. ಅವನಿಗೆ ಮುಖದ ಹುಚ್ಚು. ಮದುಮಗಳ ಮುಖ, ಪುಢಾರಿಯ ಮುಖ, ಭಜನೆ ಮಾಡುವವನ ಮುಖ. ಅಕ್ಕಪಕ್ಕ ಏನಿದೆ ಅನ್ನುವುದು ಅವನಿಗೆ ಬೇಕಿರಲಿಲ್ಲ. ಮನೆಯಲ್ಲೂ ಹಾಗೆಯೇ ಇದ್ದ. ಅವನು ಕಲಿಸಿದ ವಿದ್ಯೆ ಒಂದೇ: ಎಲ್ಲರೂ ಹಿಡಿಸದಿದ್ದರೆ ಹಿಂದೆ ಸರಿ. ಬಯಲಲ್ಲಿ ಅದು ಸರಿ. ಆದರೆ ನನಗೆ ಸಿಕ್ಕ ಕೆಲಸ ಬಯಲಿನದಲ್ಲ. ಬಸುರಿಗೆ ಮಾಡುವ ಕುಬಸ, ಉಡಿ ತುಂಬುವುದು, ತೊಟ್ಟಿಲಿಗೆ ಹಾಕುವುದು. ಬರೀ ಹೆಂಗಸರು ಸೇರುವ ಸಣ್ಣ ಸಣ್ಣ ಕೋಣೆಗಳು. ಅಲ್ಲಿ ಗಂಡಸು ಫೋಟೋಗ್ರಾಫರನ್ನು ಬಿಡುವುದಿಲ್ಲ, ಅದಕ್ಕೇ ನನ್ನನ್ನು ಕರೆಯುತ್ತಾರೆ. ಕಮಲಾಪುರದಲ್ಲಿ ನನ್ನ ಹೆಸರು ಯಾರಿಗೂ ನೆನಪಿಲ್ಲ. ಫೋಟೋ ಆಯಿ ಅಂದರೆ ಎಲ್ಲರಿಗೂ ಗೊತ್ತು.

ಒಂದು ತೊಡಕು ಇತ್ತು. ಗಂಡ ಹೋದ ಮೇಲೆ ನನಗೆ ಸಿಕ್ಕ ಮೊದಲ ಕುಬಸ ಗಂಗಮ್ಮನ ಮನೆಯದು, ಅವಳ ನಾದಿನಿಗೆ ಮಾಡಿದ್ದು, ಹನ್ನೆರಡು ವರ್ಷದ ಹಿಂದೆ. ಗಂಗಮ್ಮನ ಅತ್ತೆ ಬಾಗಿಲಲ್ಲೇ ನನ್ನನ್ನು ತಡೆದು, "ಹೊಸ್ತಿಲ ಆಕಡಿಂದನೇ ತೆಗಿಯವ್ವ, ಬಸುರಿ ಕುಂತಾಳ" ಅಂದಳು. ಗಂಡ ಸತ್ತವಳ ನೆರಳು ಬಸುರಿಯ ಮೇಲೆ ಬೀಳಬಾರದಂತೆ. ನಾನು ಅಳಲಿಲ್ಲ, ಜಗಳವಾಡಲಿಲ್ಲ. ಹೊಸ್ತಿಲ ಈಚೆ ನಿಂತು ತೆಗೆದೆ. ಆಮೇಲೆ ಬೇರೆ ಮನೆಗಳಲ್ಲಿ ಯಾರೂ ಹೇಳದಿದ್ದರೂ ಹೊಸ್ತಿಲ ಹೊರಗೇ ನಿಂತೆ. ಹೇಳಿಸಿಕೊಳ್ಳುವುದಕ್ಕಿಂತ ಮೊದಲೇ ನಿಂತುಬಿಡುವುದು ಸಸಾರ.

ಮೂರು ವರ್ಷದ ಹಿಂದೆ ಗಂಗಮ್ಮನ ದೊಡ್ಡ ಮಗಳ ಕುಬಸಕ್ಕೂ ಅಲ್ಲೇ ನಿಂತಿದ್ದೆ. ಐವತ್ತರಲ್ಲಿ ಹಿಡಿಸಿದ್ದು ಐದು ಮಂದಿ, ಒಂದು ಕೈ. ಆ ಕೈಯ ಒಡತಿ ನಾಗಮ್ಮ, ಗಂಗಮ್ಮನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ. ಗಂಗಮ್ಮ ಅದೇ ಫೋಟೋವನ್ನು ದೊಡ್ಡದು ಮಾಡಿಸಿ ಪಡಸಾಲೆಯಲ್ಲಿ ತೂಗುಹಾಕಿದಳು. ಅಲ್ಲಿಗೆ ಮುಗಿಯಿತು. ನಾಗಮ್ಮನನ್ನು ಪೂರಾ ಬಿಟ್ಟಿದ್ದರೆ ಅವಳಿಗೆ ಸಿಟ್ಟು ಬರುತ್ತಿರಲಿಲ್ಲ. ಇನ್ನೂ ಏಳು ಮಂದಿ ಆ ಫೋಟೋದಲ್ಲಿ ಇರಲಿಲ್ಲ, ಯಾರೂ ಒಂದು ಮಾತು ಆಡಲಿಲ್ಲ. ಕೈ ಇಟ್ಟುಕೊಂಡು ಮುಖ ಬಿಟ್ಟದ್ದೇ ಅವಳಿಗೆ ಚುಚ್ಚಿತು. ಗಂಗಮ್ಮನೇ ನನಗೆ ಹೇಳಿ ಕತ್ತರಿಸಲು ಹಚ್ಚಿದಳು ಅಂತ ಊರ ತುಂಬ ಆಡಿದಳು. ಇಂಥ ಮಾತಿಗೆ ಉತ್ತರ ಕೊಡುವವಳು ನಾನಲ್ಲ ಅಂತ ಗಂಗಮ್ಮ ಅಂದಳು. ಇಬ್ಬರೂ ಮಾತು ಬಿಟ್ಟರು. ಮಧ್ಯದಲ್ಲಿದ್ದ ನಾನು ಬಾಯಿ ಬಿಡಲಿಲ್ಲ. ಯಾಕೆ ಅಂತ ಕೇಳುತ್ತೀರಿ. ಕೆಲಸ ಕೆಟ್ಟವಳು ಅಂತ ಗೊತ್ತಾದರೆ ಮುಂದಿನ ಕುಬಸಕ್ಕೆ ಕರೆಯುತ್ತಾರೆಯೇ?

ಈಗ ಗಂಗಮ್ಮನ ಸಣ್ಣ ಮಗಳು ಶಿವಲೀಲಾ ಬಸುರಿ. ನಾಗಮ್ಮ ಅವಳನ್ನು ಎತ್ತಿ ಆಡಿಸಿದ ಕಾಕಿ. ಹುಡುಗಿ ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು ತಾನೇ ಕಾಕಿಯ ಮನೆಗೆ ಹೋಗಿ ಕರೆದಳಂತೆ. ನಾಗಮ್ಮ ಕೊನೆಗೆ ಹೂಂ ಅಂದಳಂತೆ, ಆದರೆ ಒಂದು ಮಾತು ಸೇರಿಸಿ: ಈ ಸಲವೂ ಫೋಟೋದಲ್ಲಿ ಕತ್ತರಿಸಿದರೆ ಆ ಮನೆಯ ಹೊಸ್ತಿಲು ಮತ್ತೆ ತುಳಿಯುವುದಿಲ್ಲ, ಕೂಸು ಹುಟ್ಟಿದರೂ ನೋಡಲು ಬರುವುದಿಲ್ಲ.

ಇದನ್ನು ಹೇಳಲು ಗಂಗಮ್ಮ ನನ್ನ ಮನೆಗೇ ಬಂದಿದ್ದಳು. ಚಹಾ ಕುಡಿಯಲಿಲ್ಲ.

"ಆಯಿ, ಹದಿಮೂರು ಮಂದಿ ಅದಾರ. ಹದಿಮೂರೂ ಒಂದೇ ಫೋಟೋದಾಗ ಬರಬೇಕು. ಬರಂಗಿಲ್ಲ ಅಂದ್ರ ಈಗೇ ಹೇಳು."

"ಬರ್ತಾರ."

"ಹ್ಯಾಂಗ ಬರ್ತಾರ? ಹ್ವಾದ ಸಲ ಯಾಕ ಬರ್ಲಿಲ್ಲ?"

"ಈ ಸಲ ಲೆನ್ಸ್ ಬ್ಯಾರೆ ತರ್ತೀನಿ" ಅಂದುಬಿಟ್ಟೆ. ಹೋದ ಸಲ ನಾನು ನಿಂತ ಜಾಗದ ಮಾತು ಬಾಯಿಗೆ ಬಂದಿತ್ತು, ನುಂಗಿದೆ. ಕುಬಸಕ್ಕೆ ಎರಡೇ ದಿನ ಉಳಿದಿತ್ತು.

ಅವಳ ಹಿಂದೆಯೇ ಹೋಗಿ ಕೋಣೆ ಅಳೆದೆ. ಏಳು ಮೊಳ ಅಗಲ, ಎಂಟು ಮೊಳ ಉದ್ದ. ಆ ಮನೆಯದೊಂದು ಪದ್ಧತಿ ಇದೆ. ಉಡಿ ತುಂಬಿದ ಮೇಲೆ ಆರತಿ ಮುಗಿಯುವ ತನಕ ಯಾರೂ ಕೂತ ಜಾಗದಿಂದ ಏಳುವಂತಿಲ್ಲ, ಸರಿಯುವಂತಿಲ್ಲ. ಫೋಟೋ ತೆಗೆಯಬೇಕಾದದ್ದು ಅದೇ ಹೊತ್ತಿನಲ್ಲಿ. ಮದುವೆಯಲ್ಲಾದರೆ ನೀವು ಇತ್ತ ಬನ್ನಿ, ನೀವು ಅತ್ತ ಹೋಗಿ ಅಂತ ಮಂದಿಯನ್ನು ಜೋಡಿಸಬಹುದು. ಇಲ್ಲಿ ಕೂತಲ್ಲೇ ಕೂತವರನ್ನು ಹಿಡಿಯಬೇಕು.

ಮರುದಿನ ಬೆಳಗಿನ ಬಸ್ಸಿಗೆ ಕಲಬುರಗಿಗೆ ಹೋದೆ. ಅಲ್ಲಿ ರೋಜಾ ಬಡಾವಣೆಯ ಒಂದು ಗಲ್ಲಿಯಲ್ಲಿ ಸಲೀಂ ಭಾಯಿಯ ಅಂಗಡಿ ಇದೆ. ಹಳೆ ಲೆನ್ಸು ರಿಪೇರಿ ಮಾಡುತ್ತಾನೆ, ಮಾರುತ್ತಾನೆ. ನನ್ನ ಗಂಡನ ಓರಗೆಯವನು, ಗಡ್ಡ ಪೂರಾ ಬಿಳಿ. ಸುಳ್ಳು ಹೇಳುವುದಿಲ್ಲ ಅಂತ ಹೇಳಲಾರೆ. ನನಗೆ ಹೇಳಿದರೆ ಸಿಕ್ಕಿಬೀಳುತ್ತೇನೆ ಅಂತ ಅವನಿಗೆ ಗೊತ್ತು.

ಮೊದಲು ನಾನು ಕೈಯಿಟ್ಟದ್ದು ಇಪ್ಪತ್ತನಾಲ್ಕಕ್ಕೆ. ಐವತ್ತರ ಅರ್ಧಕ್ಕಿಂತ ಕಡಿಮೆ, ಬಿಸ್ಕತ್ತಿನ ಹಾಗೆ ಚಪ್ಪಟೆ, ಚೀಲದಲ್ಲಿ ಇದ್ದದ್ದೇ ಗೊತ್ತಾಗುವುದಿಲ್ಲ. ಸಲೀಂ ಭಾಯಿ ತಲೆ ಅಲ್ಲಾಡಿಸಿದ.

"ಅಮ್ಮಾ, ಬರೀ ನಂಬರ್ ನೋಡಬ್ಯಾಡ್ರಿ. ನಿಮ್ಮ ಕ್ಯಾಮೆರಾದ ಪೇಟ್ ಸಣ್ಣದದ. ಲೆನ್ಸ್ ತಾಟ್ ತುಂಬಾ ಬಡಿಸ್ತದ, ಅದು ಬಟ್ಟಲಷ್ಟೇ ತಿಂತದ. ಇಪ್ಪತ್ತನಾಲ್ಕು ಹಾಕಿದ್ರ ಅದರೊಳಗ ಮೂವತ್ತೈದರಂಗ ಕಾಣ್ತದ."

ಹನ್ನೆರಡು ವರ್ಷ ಆ ಕ್ಯಾಮೆರಾ ಕುತ್ತಿಗೆಗೆ ಕಟ್ಟಿಕೊಂಡು ತಿರುಗಿದ್ದೇನೆ. ಅದರ ಹೊಟ್ಟೆ ಸಣ್ಣದು ಅಂತ ಅಂದೇ ಗೊತ್ತಾಯಿತು.

ನಂಬಿಕೆಯ ಮೇಲೆ ಲೆನ್ಸು ಕೊಳ್ಳುವ ವಯಸ್ಸು ನನ್ನದಲ್ಲ. ಅವನ ಹತ್ತಿರ ಸುಣ್ಣದ ಕಡ್ಡಿ ಕೇಳಿ, ಗಲ್ಲಿಯ ಫರ್ಸಿ ಕಲ್ಲಿನ ಮೇಲೆ ಗಂಗಮ್ಮನ ಕೋಣೆ ಬರೆದೆ. ಏಳು ಮೊಳ, ಎಂಟು ಮೊಳ. ಮೂರು ಗೋಡೆಯ ಗುಂಟ ಹದಿಮೂರು ಸಾಮಾನು ಇಟ್ಟೆ. ಸ್ಟೂಲು, ಖಾಲಿ ಡಬ್ಬ, ಸಲೀಂ ಭಾಯಿಯ ಹೆಲ್ಮೆಟ್ಟು, ಪಕ್ಕದ ಅತ್ತರಿನ ಅಂಗಡಿಯ ಎರಡು ಕುರ್ಚಿ. ದರ್ಗಾಕ್ಕೆ ಹೊರಟವರು ದಾಟಲು ಹೋಗಿ ಗೆರೆಯ ಹತ್ತಿರ ನಿಂತು, ಏನೋ ಮಂತ್ರ ಹಾಕಿದ್ದಾರೆ ಅಂದುಕೊಂಡು ಸುತ್ತುಬಳಸಿ ಹೋದರು.

"ದರವಾಜಾ ಎಲ್ಲದ?" ಅಂತ ಸಲೀಂ ಭಾಯಿ ಕೇಳಿದ.

"ಇಲ್ಲೇ, ನಾ ನಿಂತಲ್ಲೇ."

"ಒಳಗ ಹೋಗಿ ಯಾಕ ನಿಂದ್ರಂಗಿಲ್ಲ?"

"ಲೆನ್ಸ್ ಮಾರ್ಲಕತ್ತೀಯೋ, ಬುದ್ಧಿ ಮಾರ್ಲಕತ್ತೀಯೋ?" ಅಂದೆ. ಅವನು ಇಪ್ಪತ್ತನಾಲ್ಕನ್ನು ಕ್ಯಾಮೆರಾಕ್ಕೆ ಹಾಕಿಕೊಟ್ಟ.

ಇಪ್ಪತ್ತನಾಲ್ಕರಲ್ಲಿ ಎಂಟು ಸಾಮಾನು ಬಂದವು. ಸಾಲದು. ಆಮೇಲೆ ಅವನು ಒಂದು ಎಂಟರ ಲೆನ್ಸು ಹಾಕಿಕೊಟ್ಟ. ಮೀನಿನ ಕಣ್ಣಿನ ಹಾಗೆ ಮುಂದೆ ಉಬ್ಬಿತ್ತು. ಅದರಲ್ಲಿ ಹದಿಮೂರೂ ಬಂದವು, ಗಲ್ಲಿಯ ಎರಡೂ ತುದಿ ಬಂದವು, ಮೇಲಿನ ಕರೆಂಟಿನ ತಂತಿಯೂ ಬಂತು. ಆದರೆ ನೆಟ್ಟಗಿನ ಗೋಡೆ ಕುಡಗೋಲಿನಂತೆ ಬಾಗಿತು. ಗಂಗಮ್ಮನ ಮನೆ ಬಾಗಿದಂತೆ ತೋರಿಸಿದರೆ ನನ್ನನ್ನು ಉಳಿಸುತ್ತಾಳೆಯೇ? ಬೇಡ ಅಂದೆ. ಮೂರನೆಯದು ಹತ್ತು-ಹದಿನೆಂಟು. ಹತ್ತಕ್ಕೆ ತಿರುಗಿಸಿದರೆ ಹದಿಮೂರು ಸಾಮಾನೂ ಬಂದವು, ಗೋಡೆ ನೆಟ್ಟಗೇ ನಿಂತಿತು. ಅಂಚಿನಲ್ಲಿದ್ದ ಹೆಲ್ಮೆಟ್ಟು ಮಾತ್ರ ಸೋರೆಕಾಯಿಯಂತೆ ಉದ್ದವಾಗಿತ್ತು.

"ಅಂಚಿಗಿದ್ದವ್ರು ಜರಾ ಎಳೀತಾರ ಅಮ್ಮಾ. ಎಲ್ಲರೂ ಬೇಕಂದ್ರ ಅಷ್ಟು ಆಗ್ತದ."

ಹದಿನೆಂಟಕ್ಕೂ ನನ್ನ ಐವತ್ತಕ್ಕೂ ನಡುವೆ ಖಾಲಿ ಉಳಿಯುತ್ತದಲ್ಲ ಅಂತ ಯೋಚಿಸಿದೆ. ಅದನ್ನು ತುಂಬಲು ಇನ್ನೊಂದು ಲೆನ್ಸು ತೋರಿಸಲು ಅವನು ಕಪಾಟಿಗೆ ಕೈ ಹಾಕಿದ್ದ. ಇದ್ದ ಲೆನ್ಸು ಮಾಡದ ಕೆಲಸವನ್ನು ಹೊಸದು ಮಾಡಿದರೆ ಸಾಕು, ನಂಬರಿನ ಸರಪಳಿ ಜೋಡಿಸಲು ಅದನ್ನೇನು ಕೊರಳಿಗೆ ಹಾಕಿಕೊಳ್ಳುತ್ತೇನೆಯೇ? ಹತ್ತು-ಹದಿನೆಂಟನ್ನು ಸೀರೆಯ ಚೂರಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಮನಸ್ಸಿಗೆ ಸಮಾಧಾನ ಮಾತ್ರ ಇರಲಿಲ್ಲ. ಏನೋ ಮರೆತಿದ್ದೇನೆ ಅನ್ನಿಸುತ್ತಿತ್ತು. ಏನು ಅಂತ ತಿಳಿಯಲಿಲ್ಲ.

ತಿಳಿದದ್ದು ಕುಬಸದ ದಿನ, ಹದಿಮೂರು ಮಂದಿ ಕೂತ ಮೇಲೆ. ಸುಣ್ಣದ ಗೆರೆಗೆ ಎತ್ತರ ಇರುವುದಿಲ್ಲ. ನಾನು ಬರೆದ ಕೋಣೆಗೆ ಬಾಗಿಲ ಚೌಕಟ್ಟು ಇರಲಿಲ್ಲ, ಬಾಗಿಲ ಪಕ್ಕದ ಗೋಡೆಯೂ ಇರಲಿಲ್ಲ. ಹೊಸ್ತಿಲ ಹೊರಗೆ ನಿಂತು ಹತ್ತಕ್ಕೆ ತಿರುಗಿಸಿ ನೋಡಿದರೆ ಕಂಡದ್ದು ಎರಡು ಬದಿ ದಪ್ಪ ಕಟ್ಟಿಗೆ, ನಡುವೆ ಬಾವಿಯ ತಳದಲ್ಲಿ ಕೂತ ಹಾಗೆ ಸಣ್ಣ ಸಣ್ಣ ಹೆಂಗಸರು. ಎಣಿಸಿದೆ. ಹನ್ನೆರಡು. ಮತ್ತೆ ಎಣಿಸಿದೆ. ಹನ್ನೆರಡೇ.

ನಾಗಮ್ಮ ಸಿಟ್ಟಿಗೆ ಬಾಗಿಲ ಎಡಕ್ಕೆ, ಗೋಡೆಗೆ ಆತು ಕೂತಿದ್ದಳು, ಬೇಕೆಂದಾಗ ಎದ್ದು ಹೋಗಲು ಅನುಕೂಲವಾಗುವ ಹಾಗೆ. ಈ ಸಲ ಅವಳ ಕೈಯೂ ಕಾಣುತ್ತಿರಲಿಲ್ಲ. ಉಡಿ ತುಂಬಿಯಾಗಿತ್ತು. ಶಿವಲೀಲಾಳ ಮಡಿಲಲ್ಲಿ ಕೆಂಪು ಬಾಳೆಹಣ್ಣು, ಕೊಬ್ಬರಿ ಬಟ್ಟಲು. ಇನ್ನು ಯಾರೂ ಸರಿಯುವಂತಿಲ್ಲ. ಗಂಗಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಸುಮ್ಮನೆ ಗುಂಡಿ ಒತ್ತಿ, ಬಂತು ಅಂದುಬಿಡಬಹುದಿತ್ತು. ಫೋಟೋ ಕೈಗೆ ಬರುವ ತನಕ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬೆರಳು ಗುಂಡಿಯ ಮೇಲೆಯೇ ಇತ್ತು.

"ನಾಗಮ್ಮ ಕಾಣವಲ್ಲಳು" ಅಂದೆ.

ನಾಗಮ್ಮ ಗೋಡೆಯ ಹಿಂದಿನಿಂದಲೇ ಅಂದಳು, "ಕತ್ತರಸ್ರಿ, ಕತ್ತರಸ್ರಿ. ಈ ಸಲ ಕೈನೂ ಬಿಡಬ್ಯಾಡ್ರಿ." ಬಳೆ ಸಪ್ಪಳವಾಯಿತು. ಅವಳು ಏಳಲು ನೆಲಕ್ಕೆ ಕೈ ಊರಿದಳು ಅಂತ ಗೊತ್ತಾಯಿತು.

"ಲೆನ್ಸ್ ತರ್ತೀನಿ ಅಂದಿದ್ದಿಲ್ಲ ಆಯಿ?" ಅಂತ ಗಂಗಮ್ಮ ಕೇಳಿದಳು.

"ಲೆನ್ಸ್ ಬರೋಬ್ಬರಿ ಅದ. ನಾ ನಿಂತ ಜಾಗ ಬರೋಬ್ಬರಿ ಇಲ್ಲ. ಹ್ವಾದ ಸಲನೂ ಇಲ್ಲೇ ನಿಂತಿದ್ದೆ, ಅದಕ್ಕೇ ನಾಗಮ್ಮನ ಮಾರಿ ಕತ್ತರಿಸಿ ಹೋತು. ಗಂಗಮ್ಮ ಏನೂ ಹೇಳಿಲ್ಲ. ನಂದೇ ತಪ್ಪು."

"ಮೂರು ವರ್ಷ ಬಾಯಾಗ ಏನ್ ಇಟ್ಕೊಂಡಿದ್ದಿ? ಆಕಿ ನಂಗ ಮಂದ್ಯಾಗ ಹ್ಯಾಂಗ ಆಡ್ಕೊಂಡಾಳ ಗೊತ್ತದೇನು ನಿಂಗ?" ಅಂದಳು ಗಂಗಮ್ಮ.

"ಗೊತ್ತದ. ಕೆಲಸ ಹೋಗ್ತದಂತ ಸುಮ್ಮನಿದ್ದೆ."

"ಒಳಗ ಬಂದು ತೆಗೀಲಕ ಏನಾಗಿತ್ತು?"

"ನಿಮ್ಮ ಅತ್ತಿ ಇಲ್ಲೇ ನಿಂದ್ರು ಅಂದಿದ್ರು."

ಅತ್ತೆ ಸತ್ತು ಏಳು ವರ್ಷವಾಗಿತ್ತು. ಆದರೂ ಗಂಗಮ್ಮ ಅವಳ ಮಾತು ಈಗಲೇ ಕೇಳಿದವಳಂತೆ ತಲೆ ತಗ್ಗಿಸಿದಳು. ಯಾರೂ ಒಳಗೆ ಬಾ ಅನ್ನಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ. ಹನ್ನೆರಡು ಮಂದಿ ಶಿವಲೀಲಾಳ ಹೊಟ್ಟೆಯ ಕಡೆ ನೋಡಿದರು. ಅವರ ಹೆದರಿಕೆ ನನಗೆ ಗೊತ್ತು. ಸುಳ್ಳು ಯಾಕೆ, ನನಗೂ ಅದೇ ಹೆದರಿಕೆ ಇತ್ತು. ನಾಳೆ ಹೆರಿಗೆಯಲ್ಲಿ ಏನಾದರೂ ಹೆಚ್ಚುಕಡಿಮೆ ಆದರೆ ಹೊಸ್ತಿಲು ದಾಟಿದವಳು ನಾನೇ ಆಗುತ್ತೇನೆ.

ಶಿವಲೀಲಾ ಸೊಂಟದ ಮೇಲೆ ಕೈಯಿಟ್ಟುಕೊಂಡು ಅಂದಳು, "ಲಗೂ ಬಾ ಆಯಿ, ಬೆನ್ನು ನೋಯ್ಲಕತ್ತದ. ಕಾಕಿ, ನೀ ಅಲ್ಲೇ ಕುಂದ್ರು. ಎದ್ದೀದಿ ಅಂದ್ರ ನಾನೂ ಏಳ್ತೀನಿ."

ಯಾವ ಕಾಲು ಮೊದಲಿಟ್ಟೆ ಅಂತ ನೆನಪಿಲ್ಲ. ಲೆನ್ಸು ಬಾಗಿಲಿಗೆ ಬಡಿಯದಂತೆ ನೋಡಿಕೊಂಡದ್ದು ನೆನಪಿದೆ. ಬಾಗಿಲ ಬಲಕ್ಕೆ ತಿಜೋರಿ ಇತ್ತು. ಅದರ ಪಕ್ಕದ ಮೂಲೆಯಲ್ಲಿ ಬೆನ್ನು ಒತ್ತಿ ನಿಂತೆ. ಎದುರಿನ ಗೋಡೆ, ಎರಡು ಬದಿಯ ಸಾಲು, ಕೊನೆಗೆ ಎಡ ಅಂಚಿನಲ್ಲಿ ನಾಗಮ್ಮ, ಎಲ್ಲ ಬಂತು. ಹತ್ತಿರ ಅಂದರೆ ಎಷ್ಟು ಹತ್ತಿರ! ಗಂಗಮ್ಮನ ಹಣೆಯ ಬೆವರು ಕಾಣುತ್ತಿತ್ತು. ಹಿಂದೆ ಸರಿಯಲು ಕಲಿತವಳ ಬೆನ್ನಿಗೆ ಗೋಡೆ ಹತ್ತಿತ್ತು. ಉಸಿರು ಹಿಡಿದು ಎಣಿಸಿದೆ. ಹದಿಮೂರು. ಒತ್ತಿದೆ. ಇನ್ನೊಂದು, ಮತ್ತೊಂದು.

ಆರತಿ ಆದ ಮೇಲೆ ನಾಗಮ್ಮ ಎದ್ದು ನೆಟ್ಟಗೆ ನನ್ನ ಹತ್ತಿರ ಬಂದಳು. "ತೋರ್ಸು" ಅಂದಳು. ತೋರಿಸಿದೆ. ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು. ಮುಖ ಪೂರಾ ಬಂದಿತ್ತು. ಆದರೆ ಅಂಚಿನಲ್ಲಿದ್ದ ಮೊಳಕೈ ಎಳೆದುಕೊಂಡು ಪಕ್ಕದವಳ ಮಡಿಲ ತನಕ ಹೋಗಿತ್ತು.

"ಅಯ್ಯ, ಇದೇನು, ನನ್ನ ಮೊಳಕೈ ಒನಕಿ ಆಗೇದ!"

ಗಂಗಮ್ಮ ಬಂದು ಅವಳ ಭುಜದ ಮೇಲಿಂದ ಬಗ್ಗಿ ನೋಡಿದಳು. ಮೂರು ವರ್ಷದ ಮೇಲೆ ಅವಳು ನೆಗೆಣ್ಣಿಗೆ ಆಡಿದ ಮೊದಲ ಮಾತು ಇದು: "ಮೊದ್ಲಿಂದನೂ ಹಂಗೇ ಅದ."

"ನಿಂದು ನೋಡ್ಕೊ. ಗಲ್ಲ ನೋಡು, ಪೂರಿ ಹಂಗ ಉಬ್ಬೇದ."

"ಅದು ಲೆನ್ಸಿಂದಲ್ಲ, ನಿನ್ನ ಮಾತು ಕೇಳಿ ಕೇಳಿ ಉಬ್ಬಿದ್ದು."

ಅಲ್ಲಿಂದ ಹಿಡಿದ ಜಗಳ ಆರತಿ ತಟ್ಟೆಗೆ ಹೋಯಿತು, ತೂಗುಹಾಕಿದ ಫೋಟೋಕ್ಕೆ ಹೋಯಿತು, ಅತ್ತೆಯ ಬಂಗಾರದ ಗುಂಡಿನ ಸರಕ್ಕೂ ಹೋಯಿತು. ಬಿಡಿಸಲು ಎದ್ದವರನ್ನು ನಾನೇ ಕೂರಿಸಿದೆ. ಇಷ್ಟು ಮಾತ್ರ ಈಗ ನನಗೆ ಖಾತ್ರಿ: ಮಾತು ಬಿಟ್ಟ ಇಬ್ಬರು ಬಾಯಿತುಂಬ ಜಗಳವಾಡಲು ಶುರು ಮಾಡಿದಾಗ, ಬುದ್ಧಿ ಇರುವ ಫೋಟೋಗ್ರಾಫರು ಲೆನ್ಸಿಗೆ ಮುಚ್ಚಳ ಹಾಕಿ, ಊಟದ ಸಾಲಿನಲ್ಲಿ ಜಾಗ ನೋಡಿಕೊಂಡು ಹೋಳಿಗೆಗೆ ಕೂತುಬಿಡಬೇಕು.