ಫರ್ಶಿ ಕೆಳಗಿನ ಸಂಸಾರ

ಪಚಕ್!

ಸದ್ದು ಬಂದದ್ದು ನನ್ನ ಕಾಲ ಕೆಳಗಿನಿಂದ. ಒಲೆಯ ಮೇಲೆ ಹಾಲಿಟ್ಟು, ಸಕ್ಕರೆ ಡಬ್ಬಿಗೆಂದು ಅಡುಗೆಮನೆಯ ಮೂಲೆಗೆ ಹೋಗಿದ್ದೆ. ಕಾಲಿಟ್ಟ ಫರ್ಶಿ ಕಲ್ಲು ತುಸು ಕುಸಿದು ಸಂದಿಯಿಂದ ಕಪ್ಪು ನೀರು ಉಗುಳಿತು. ಕಾಲು ತೆಗೆದೆ, ನೀರು ಒಳಗೆ ಹೋಯಿತು. ಮತ್ತೆ ಕಾಲಿಟ್ಟೆ. ಪಚಕ್. ತೆಗೆದೆ, ಇಟ್ಟೆ. ಅಷ್ಟರಲ್ಲಿ ಹಾಲು ಉಕ್ಕಿತು.

(ನೀವೇ ಹೇಳಿ, ಇಂಥದ್ದು ಸಿಕ್ಕರೆ ಒಂದೇ ಸಲ ತುಳಿದು ಸುಮ್ಮನಾಗುವವರು ಯಾರಾದರೂ ಇದ್ದಾರಾ?)

ಕೆಲವು ವಾರಗಳಿಂದ ಅಡುಗೆಮನೆಯಲ್ಲಿ ಒಂದು ವಾಸನೆ ಇತ್ತು. ನೆನೆದ ಗೋಣಿಚೀಲದ ವಾಸನೆ. ಕಾಯಿಪಲ್ಯೆ ಬುಟ್ಟಿಯ ಮೇಲೆ ಅನುಮಾನಪಟ್ಟಿದ್ದೆ, ಫ್ರಿಜ್ ಹಿಂದೆ ಇಣುಕಿದ್ದೆ, ಪಾಪದ ಬೆಕ್ಕನ್ನೂ ಬೈದಿದ್ದೆ. ಈಗ ಬಗ್ಗಿ ಫರ್ಶಿ ಸಂದಿಗೆ ಮೂಗು ಹಚ್ಚಿದೆ. ಅದೇ!

"ಅಲ್ಲೇನ ಬಗ್ಗಿ ಮೂಸಾಕತ್ತಿ?" ಅತ್ತೆ ಕೇಳಿದರು.

"ಫರ್ಶಿ ಉಗಳಾಕತ್ತೈತ್ರಿ ಅತ್ತಿ. ಕೆಳಗ ಬುರಶಿ ಹಿಡದಂಗ ಕಾಣತೈತಿ."

(ಬೂಷ್ಟಿಗೆ ನಮ್ಮ ಗಡಿ ಊರುಗಳಲ್ಲಿ ಮರಾಠಿಯ ಬುರಶಿಯೇ ಗತಿ.)

ಅತ್ತೆಯ ಮುಖ ಸಣ್ಣದಾಯಿತು. ಯಾಕೆಂದು ತಿಳಿಯಬೇಕಾದರೆ ನಿಮಗೆ ನಮ್ಮ ಅತ್ತೆ ತಿಳಿಯಬೇಕು.

ನಮ್ಮದು ಭೋಜ ಎಂಬ ಊರಿನ ಜೈನ ಒಕ್ಕಲುಮನೆ. ಅತ್ತೆ ನೇಮದವರು. ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಸೋಸದ ನೀರು ಬಾಯಿಗೆ ಹೋಗುವುದಿಲ್ಲ. ಅವರಿಗೆ ಈ ಲೋಕದಲ್ಲಿ ಒಬ್ಬನೇ ವೈರಿ, ತೇವ. ತೇವ ಇದ್ದಲ್ಲಿ ಬುರಶಿ, ಬುರಶಿಯಲ್ಲಿ ಲೆಕ್ಕವಿಲ್ಲದಷ್ಟು ಜೀವ, ಆ ಜೀವಗಳೆಲ್ಲ ನಮ್ಮ ಕೈಕಾಲಿಗೆ ಸಿಕ್ಕು ಸಾಯುತ್ತವೆ. ಹಾಗಾಗಿ ನಮ್ಮ ಮನೆಯಲ್ಲಿ ತೊಳೆದ ತಂಬಿಗೆಯನ್ನು ಒರೆಸದೆ ಇಡುವಂತಿಲ್ಲ. ಒದ್ದೆ ಕೈಯಲ್ಲಿ ಉಪ್ಪಿನಕಾಯಿ ಭರಣಿ ಮುಟ್ಟಿದೆನೋ, ಆ ದಿನ ನನ್ನ ಗ್ರಹಚಾರ ಕೆಟ್ಟಿತೆಂದೇ ಅರ್ಥ.

"ಹುಟ್ಟಾಕ ಜಾಗಾ ಕೊಡಬಾರ್ದು. ಹುಟ್ಟಿದ ಮ್ಯಾಲ ಕೊಲ್ಲಬಾರ್ದು." ಇಷ್ಟೇ ಅವರ ಕಾನೂನು.

ಅಂಥವರ ಅಡುಗೆಮನೆಯಲ್ಲೇ, ಅವರ ಕಾಲ ಕೆಳಗೇ ಬುರಶಿ!

ಇನ್ನೂ ಒಂದು ಸಂಗತಿ ಇತ್ತು. ಹೋಳಿ ಮುಗಿದ ಮೇಲೆ ಊರಿಗೆ ಮುನಿಸಂಘ ಬರುವುದೆಂದು ಗೊತ್ತಾಗಿತ್ತು. ದಿಗಂಬರ ಮುನಿಗಳು ದಿನಕ್ಕೆ ಒಂದೇ ಹೊತ್ತು, ನಿಂತುಕೊಂಡು, ಕೈಯಲ್ಲೇ ಆಹಾರ ತೆಗೆದುಕೊಳ್ಳುವವರು. ಊರಲ್ಲಿ ಹಲವು ಮನೆಗಳಲ್ಲಿ ಚೌಕಾ ಹಾಕುತ್ತಾರೆ, ಅಂದರೆ ಮಡಿಯಿಂದ ಅಡುಗೆ ಮಾಡಿಕೊಂಡು ಬಾಗಿಲಲ್ಲಿ ಕಲಶ ಹಿಡಿದು ಕಾಯುತ್ತಾರೆ. ಮುನಿಗಳು, ಇಂಥದ್ದು ಕಂಡಲ್ಲಿ ಮಾತ್ರ ನಿಲ್ಲುವುದೆಂದು, ಮನಸ್ಸಿನಲ್ಲೇ ಒಂದು ನೇಮ ಹಿಡಿದು ಬರುತ್ತಾರೆ. ಅದು ಯಾವ ಬಾಗಿಲಲ್ಲಿ ಕೂಡುತ್ತದೋ ಅಲ್ಲಿ ನಿಲ್ಲುತ್ತಾರೆ. ಅತ್ತೆ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಪ್ರತಿ ಸಲ ಕಲಶ ಹಿಡಿದು ನಿಂತಿದ್ದಾರೆ. ಯಾವ ಮುನಿಗಳೂ ನಮ್ಮ ಬಾಗಿಲಲ್ಲಿ ನಿಂತಿಲ್ಲ.

"ಈ ಸಲ ನಿಂದರ್ತಾರ ನೋಡ," ಅನ್ನುತ್ತಿದ್ದರು ಅತ್ತೆ. ತಿಂಗಳ ಮೊದಲೇ ಹೊಸ ಪಾತ್ರೆ ತೊಳೆದು ಕಟ್ಟಿಟ್ಟಿದ್ದರು.

ಆದರೆ ಮುನಿಗಳನ್ನು ಒಳಗೆ ಕರೆಯುವಾಗ ಒಂದು ಮಾತನ್ನು ಬಾಯಿಬಿಟ್ಟು ಹೇಳಬೇಕು. ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರ-ಜಲ ಶುದ್ಧಿ.

"ಕೆಳಗ ಇದನ್ನ ಇಟಗೊಂಡ ನಾ ಹೆಂಗ ಹೇಳ್ಲಿ, ಶುದ್ಧ ಐತಿ ಅಂತ?" ಅತ್ತೆ ನನ್ನನ್ನೇ ಕೇಳಿದರು. ನನಗೆ ಇದ್ದದ್ದು ಬೇರೆಯದೇ ಪ್ರಶ್ನೆ. ಬೇಸಿಗೆ ಬಾಗಿಲಿಗೆ ಬಂದಿದೆ, ಮಳೆಯಿಲ್ಲ, ಹೊಳೆ ತಳ ಹಿಡಿದಿದೆ. ಹಾಗಾದರೆ ಈ ನೀರು ಬರುತ್ತಿರುವುದಾದರೂ ಎಲ್ಲಿಂದ?

ಚಿಂಚಲಿ ಕಡೆಯ ಗೌಂಡಿ ಮಾರುತಿಯನ್ನು ಕರೆಸಿದೆವು. ಬಂದವನೇ ಸುತ್ತಿಗೆಯ ಹಿಡಿಯಿಂದ ಟಕಟಕ ಎಂದು ಬಡಿದ, ಕಿವಿ ಇಟ್ಟು ಕೇಳಿದ, ತೀರ್ಪು ಕೊಟ್ಟ.

"ಭೂಮ್ಯಾಗಿಂದ ಓಲ ಬಂದೈತ್ರಿ ವೈನಿ, ತ್ಯಾವ ಮ್ಯಾಲ ಏರೈತಿ. ಹೊಳಿ ದಂಡಿ ಊರು, ಇದ ಇರೂದ. ಆಸಿಡ್ ಹೊಡದ ಮ್ಯಾಲ ಹೊಸಾ ಟೈಲ್ಸ್ ಹಚ್ಚಿಬಿಡೂಣ್ರಿ. ಕೆಳಗಿಂದ ಕೆಳಗ ಇರ್ಲಿ."

ಕೆಳಗಿನದು ಕೆಳಗೇ ಇರಲಿ! ಈ ಮಾತಿನ ಮೇಲೆಯೇ ಅಲ್ಲವೇ ನಮ್ಮ ಎಷ್ಟೋ ಮನೆತನಗಳು ಥಳಥಳ ಹೊಳೆಯುತ್ತಾ ನಿಂತಿರುವುದು?

ನಮ್ಮವರ ತೀರ್ಪು ಬೇರೆ. ಅಡುಗೆಮನೆಯ ಗೋಡೆಯಾಚೆ ಪಕ್ಕದ ಮನೆಯ ಭೂಪಾಲ ಕಾಕಾ ಹೊಸ ಬಾತ್‌ರೂಮ್ ಕಟ್ಟಿಸಿದ್ದಾರೆ. "ಅದರದ ನೀರ ಇದು. ಬ್ಯಾರೆ ಎಲ್ಲಿಂದ ಬರತೈತಿ?" ಎಂದವರೇ ಹೋಗಿ ಹೇಳಿಯೂ ಬಂದರು. ಪಾಪ, ಕಾಕಾ ಪ್ಲಂಬರನನ್ನು ಕರೆಸಿ ನಮ್ಮೆದುರೇ ಬಾತ್‌ರೂಮ್ ತುಂಬ ನೀರು ನಿಲ್ಲಿಸಿ ತೋರಿಸಿದರು. ಒಂದು ಹನಿ ಈಚೆ ಬರಲಿಲ್ಲ. ನಮ್ಮವರು ನಂಬಲಿಲ್ಲ. ಮರುದಿನದಿಂದ ಕಾಕಾ ನಮ್ಮ ಕಟ್ಟೆಗೆ ಪೇಪರ್ ಓದಲು ಬರುವುದನ್ನೇ ನಿಲ್ಲಿಸಿದರು.

ಮಾರುತಿಯನ್ನು ಮತ್ತೆ ಕರೆಸಿ, ಒಂದು ಕಲ್ಲು ಎಬ್ಬಿಸಿ ನೋಡೋಣ ಎಂದೆ. ಮಾರುತಿ ಹಾರೆ ಹಾಕಿ ಎಬ್ಬಿಸಿದ.

ಅಬ್ಬಾ! ಅಂಚಿನಲ್ಲಿ ಹಿಂಜಿದ ಅರಳೆಯಷ್ಟು ಬೆಳ್ಳಗೆ, ನಡುವೆ ಪಾಚಿ ಹಸಿರು, ಒದ್ದೆ ಮಣ್ಣಿನ ಮೇಲೆ ಕಪ್ಪು ಚುಕ್ಕಿ. ಎಷ್ಟು ಚೆಂದ ಇತ್ತೆಂದರೆ (ಬೈಯಬೇಡಿ) ಮೂಗಿಗೆ ಸೆರಗು ಹಿಡಿದುಕೊಂಡೇ ಮೊಬೈಲ್ ಝೂಮ್ ಮಾಡಿ ನೋಡುತ್ತಾ ಕೂತೆ. ಸಣ್ಣ ಸಣ್ಣ ಕಾಂಡ, ತಲೆಯ ಮೇಲೆ ಗುಂಡುಗಳು. ನಾವು ಮೇಲೆ ರೊಟ್ಟಿ ಬಡಿಯುತ್ತಿದ್ದಾಗ ಕೆಳಗೆ ಇವರದೂ ಒಂದು ಸಂಸಾರ ನಡೆದಿತ್ತು.

ಮಾರುತಿ ಆಸಿಡ್ ಕ್ಯಾನಿನ ಮುಚ್ಚಳ ತಿರುಗಿಸಿದ.

"ಏ, ಮುಟ್ಟಬ್ಯಾಡಪಾ!" ಅತ್ತೆ ಅಡ್ಡ ಬಂದರು. "ನೀರ ಎಲ್ಲಿಂದ ಬರತೈತಿ ಮೊದಲ ಅದನ್ನ ಹುಡಕ್ರಿ. ನೀರ ನಿಂತರ ತಾವ ಒಣಗತಾವು."

"ಬುರಶಿಗೂ ದಯಾ ತೋರಸ್ತಾರೇನ್ರಿ ಆಯಿ? ನಾಳೆ ತಿಗಣಿಗೂ ಬಾಡಗಿ ಮನಿ ಕೊಡ್ತೀರೇನು?"

ಅತ್ತೆ ಜಗ್ಗಲಿಲ್ಲ. ಮಾರುತಿ ಗೊಣಗುತ್ತಾ ಕ್ಯಾನು ಎತ್ತಿಕೊಂಡು ಹೋದ. ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ನಿಜ ಹೇಳುತ್ತೇನೆ, ಖುಷಿಯೇ ಆಯಿತು.

ಸಿಂಕ್ ಬಂದ್ ಮಾಡಿದೆ. ಪಾತ್ರೆಗಳೆಲ್ಲ ಹಿತ್ತಿಲಿಗೆ ಹೋದವು. ನಲ್ಲಿಯ ಪೈಪಿಗೆ ಬಟ್ಟೆ ಕಟ್ಟಿದೆ. ಅದು ಒಣಗಿಯೇ ಇತ್ತು. ಮಣ್ಣಿನ ಮೇಲೆ ಹಳೆಯ ಪೇಪರ್ ಹಾಸಿ ದಿನವೂ ನೋಡಿದೆ. ಸಂಜೆ ಹಾಸಿದ್ದು ನಾನು ಮಲಗುವವರೆಗೂ ಒಣ. ಬೆಳಿಗ್ಗೆ ಎದ್ದು ಬಂದರೆ ಒದ್ದೆ. ಪ್ರತಿದಿನವೂ ಇದೇ ಕಥೆ. ಎಲ್ಲರೂ ಮಲಗಿದಾಗ ನಮ್ಮ ಅಡುಗೆಮನೆಯಲ್ಲಿ ನೀರು ಬಳಸುವವರು ಯಾರು?

ಒಂದು ದಿನ ಬೆಳಕು ಹರಿಯುವ ಮೊದಲೇ ಎದ್ದು ಬಂದು ಬಾಗಿಲ ಹಿಂದೆ ನಿಂತೆ.

ಅತ್ತೆ ಇದ್ದರು. ಸ್ನಾನ ಮುಗಿಸಿ, ತಾಮ್ರದ ಹಂಡೆಯ ಬಾಯಿಗೆ ದಪ್ಪ ಬಿಳಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕಟ್ಟಿ ನೀರು ಸೋಸುತ್ತಿದ್ದರು. ಅದು ಗೊತ್ತಿದ್ದದ್ದೇ. ಆಮೇಲೆ ಬಟ್ಟೆಯನ್ನು ತಿರುವಿ, ಸೋಸಿದ ನೀರನ್ನೇ ಹಾಕಿ ಒಂದು ತಂಬಿಗೆಯಲ್ಲಿ ಜಾಲಿಸಿದರು. ಮೂಲೆಯಲ್ಲಿ ನೆಲಕ್ಕೆ ಒಂದು ಸಣ್ಣ ಹಿತ್ತಾಳೆ ಮುಚ್ಚಳವಿದೆ, ಯಾವುದೋ ಹಳೆಯ ಕಾಲದ್ದು, ಮುಚ್ಚಿಹೋದ ತೂತು ಎಂದೇ ನಾನು ತಿಳಿದಿದ್ದೆ. ಅತ್ತೆ ಅದನ್ನು ತೆಗೆದರು. ಣಮೋಕಾರ ಮಂತ್ರ ಹೇಳುತ್ತಾ, ಸದ್ದಾಗದ ಹಾಗೆ, ಮಲಗಿದ ಕೂಸಿಗೆ ಹೊದಿಸುವಷ್ಟು ಜೋಪಾನವಾಗಿ ತಂಬಿಗೆಯ ನೀರನ್ನು ಒಳಗೆ ಬಿಟ್ಟರು.

"ಅತ್ತಿ, ಏನಿದು?"

"ಜೀವಾಣಿ," ಎಂದರು ಬೆಚ್ಚದೆ. ಸೋಸಿದಾಗ ಬಟ್ಟೆಯಲ್ಲಿ ಉಳಿಯುವ ಕಣ್ಣಿಗೆ ಕಾಣದ ಜೀವಗಳು. ಅವನ್ನು ಚೆಲ್ಲುವಂತಿಲ್ಲ, ಯಾವ ನೀರಿನಿಂದ ಬಂದವೋ ಅದೇ ನೀರಿಗೆ ಮುಟ್ಟಿಸಬೇಕು. ನಮ್ಮ ನಲ್ಲಿಗೆ ಬರುವುದು ಹಿತ್ತಿಲ ಬಾವಿಯ ನೀರು. ಅತ್ತೆಗೆ ಮೊಣಕಾಲು ನೋವು ಶುರುವಾದಾಗ, ದಿನವೂ ಹಿತ್ತಿಲ ಮೆಟ್ಟಿಲು ಇಳಿಯುವುದು ಬೇಡವೆಂದು ಮಾವನವರೇ ಅಡುಗೆಮನೆಯ ಮೂಲೆಯಿಂದ ಬಾವಿಯ ನೀರಿನವರೆಗೆ ಪೈಪ್ ಹಾಕಿಸಿದ್ದರಂತೆ. ನಾನು ಸೊಸೆಯಾಗಿ ಬರುವ ಮೊದಲೇ ಮಾವ ತೀರಿಕೊಂಡಿದ್ದರು. ಹಾಗಾಗಿ ನನಗೆ ಇದು ಹೊಸ ಸುದ್ದಿ.

"ಈ ನೀರ ಬಾವಿಗೆ ಹೋಗತೈತೇನ್ರಿ?"

"ಮತ್ತೆಲ್ಲಿ ಹೋಗತೈತಿ?" ಅತ್ತೆ ನಕ್ಕರು.

ಬೆಳಕಾದ ಮೇಲೆ ಬಾವಿಗೆ ಹೋಗಿ ಇಣುಕಿದೆ. ಒಳಗೆಲ್ಲ ನುಣ್ಣನೆಯ ಸಿಮೆಂಟು. ಪೈಪಿನ ಬಾಯಿಯೇ ಇಲ್ಲ! ನಮ್ಮವರನ್ನು ಕೇಳಿದೆ. ತಲೆ ಕೆರೆದುಕೊಂಡರು. ಮೋಟಾರು ಕೂಡಿಸುವಾಗ ಬಾವಿಯ ಒಳಗೋಡೆಗೆ ಸಿಮೆಂಟಿನ ಗಿಲಾವು ಮಾಡಿಸಿದ್ದರು. ಆಗ ಯಾವುದೋ ಹಳೆಯ ಪೈಪಿನ ತುದಿ ಕಂಡಿತ್ತು. ಇಲಿ ಬರುತ್ತವೆಂದು ಮುಚ್ಚಿಸಿದ್ದರು.

ಕೇಳಿದಿರಾ? ಭೂಪಾಲ ಕಾಕಾನ ಬಾತ್‌ರೂಮ್ ಹಿಡಿದು ಜಗಳ ತೆಗೆದವರು ಇವರೇ. (ಮನೆಯ ಅಡುಗೆಮನೆಯ ಮೂಲೆಯಲ್ಲಿ ನಸುಕಿನಲ್ಲಿ ಏನು ನಡೆಯುತ್ತದೆಂದು ಯಾವ ಗಂಡಸಿಗೆ ಗೊತ್ತಿರುತ್ತದೆ?) ಬಾಯಿ ಮುಚ್ಚಿದ ಪೈಪಿನಲ್ಲಿ ನೀರು ನಿಂತು, ಎಲ್ಲೋ ಜಾಯಿಂಟ್ ಬಿಟ್ಟು, ಇಷ್ಟು ವರ್ಷ ಫರ್ಶಿಯ ಕೆಳಗೆ ಇಳಿದಿದೆ.

"ಅವ್ವಗ ಹೇಳಬ್ಯಾಡ," ನಮ್ಮವರು ಪಿಸುಗುಟ್ಟಿದರು. "ಸುಮ್ಮನ ಪೈಪ್ ಬಿಡಸೂಣು. ಗೊತ್ತಾದರ ಸಂಕಟ ಪಡತಾಳ."

ಆಸೆಯೇನೋ ಆಯಿತು. ಹೇಳದಿದ್ದರೆ ಅತ್ತೆ ನೆಮ್ಮದಿಯಾಗಿರುತ್ತಾರೆ. ಆದರೆ ಭೂಪಾಲ ಕಾಕಾ? ಅದಲ್ಲದೆ, ನೀರು ಎಲ್ಲಿಂದ ಬರುತ್ತದೆ ಹುಡುಕಿರೆಂದು ಎಲ್ಲರಿಗಿಂತ ಮೊದಲು ಹೇಳಿದವರು ಅತ್ತೆಯೇ. ಹುಡುಕಿಯಾದ ಮೇಲೆ ಸುಮ್ಮನಿರುವುದು, ಮಾರುತಿ ಹೇಳಿದಂತೆ ಮೇಲೆ ಟೈಲ್ಸ್ ಹಚ್ಚಿದಂತೆಯೇ ಆಗುತ್ತಿತ್ತು.

ಕೈ ಹಿಡಿದು ಬಾವಿಯವರೆಗೆ ಕರೆದುಕೊಂಡು ಹೋಗಿ ತೋರಿಸಿದೆ. ಅತ್ತೆ ಬಗ್ಗಿ ಆ ನುಣ್ಣನೆಯ ಸಿಮೆಂಟನ್ನೇ ನೋಡಿದರು.

"ಅಂದ್ರ ಮುಟ್ಟೇ ಇಲ್ಲ?"

ಗಿಲಾವಿನ ಸಂಗತಿಯೆಲ್ಲ ಹೇಳಿದೆ.

"ಇಷ್ಟ ವರ್ಷದಾಗ ಒಂದ ದಿನಾನೂ ಮುಟ್ಟಿಲ್ಲೇನವ್ವಾ?"

ಬಾವಿಯ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟರು. ನನಗೂ ತಡೆಯಲಾಗಲಿಲ್ಲ. "ಉಳಸಾಕ ಅಂತ ಬಿಟ್ಟವು ಅಲ್ಲೇ ಸತ್ತುವು. ಮ್ಯಾಲ ಇವ್ನೆಲ್ಲಾ ನಾನ ಹುಟ್ಟಿಸಿದ್ನಿ," ಎಂದರು. ಯಾರಿಗೂ ನೋವಾಗಬಾರದೆಂದು ದಿನವೂ ನಸುಕಿನಲ್ಲಿ ಏಳುತ್ತಿದ್ದ ಜೀವ ಅದು. ಏನೆಂದು ಸಮಾಧಾನ ಮಾಡುವುದು?

ಮೂಲೆಯ ಫರ್ಶಿಯನ್ನೆಲ್ಲ ಎಬ್ಬಿಸಿದೆವು. ಕೆಟ್ಟ ಪೈಪ್ ತೆಗೆಸಿದೆವು. ಆಸಿಡ್ ಬರಲಿಲ್ಲ. ಕಿಟಕಿ ಬಾಗಿಲು ತೆರೆದಿಟ್ಟು, ತಾನಾಗಿಯೇ ಒಣಗಲೆಂದು ಬಿಟ್ಟು, ಒಲೆಯನ್ನು ಪಡಸಾಲೆಗೆ ತಂದೆವು. "ನಾನ ಕರದ ತಂದವು. ಹೋಗೂ ಮಟಾ ತಡೀಬೇಕು," ಎಂದರು ಅತ್ತೆ. ಅವು ಹೋಗುವ ಮೊದಲೇ ಮುನಿಸಂಘ ಊರಿಗೆ ಬಂತು. ಅತ್ತೆ ಹೊಸ ಪಾತ್ರೆಗಳ ಗಂಟು ಬಿಚ್ಚಲಿಲ್ಲ. ನಮ್ಮ ಮನೆಯಲ್ಲಿ ಈ ಸಲ ಚೌಕಾ ಇಲ್ಲ ಎಂದುಬಿಟ್ಟರು.

ನಮ್ಮವರು ಕಾಕಾನ ಮನೆಗೆ ಹೋಗಿ ತಪ್ಪಾಯಿತೆಂದು ಹೇಳಿ ಬಂದರು. (ಕಳಿಸಿದ್ದು ಯಾರೆಂದು ಕೇಳಬೇಡಿ.) ಆ ಸಂಜೆಯೇ ಕಾಕಾ ನಮ್ಮ ಕಟ್ಟೆಯ ಮೇಲಿದ್ದರು.

"ಅಕ್ಕಾ, ನಾಳೆ ನಮ್ಮ ಚೌಕಾದಾಗ ಬಂದ ನಿಂದರ್ರಿ. ನೀರ ನೀವ ಸೋಸಬೇಕು."

"ನನ್ನ ಮನಿ ಹಿಂಗ ಆಗೈತಿ. ನಾ ಹೆಂಗ ಬರ್ಲೆಪಾ?"

"ನಮ್ಮ ಬಾತ್‌ರೂಮ್ ಶುದ್ಧ ಐತಿ ಅಂತ ನಿಮ್ಮ ಮಗಾ ಬಾಯಿ ಬಿಟ್ಟ ಹೇಳ್ಯಾನ. ಇನ್ನ ಅಡಗಿಮನಿ ಬಗ್ಗೆ ಏನ್ ಸಂಶಯಾ ನಿಮಗ?"

ಎಷ್ಟೋ ದಿನಗಳ ಮೇಲೆ ಅತ್ತೆ ನಕ್ಕರು.

ಮರುದಿನ ಮುನಿಗಳು ನಮ್ಮ ಬಾಗಿಲು ದಾಟಿ ಹೋಗಿ, ಕಾಕಾನ ಬಾಗಿಲಲ್ಲಿ ನಿಂತರು! ಎಲ್ಲರೊಂದಿಗೆ ಅತ್ತೆಯೂ ಆ ಮಾತು ಹೇಳಿದರು, ಮನಶುದ್ಧಿ, ವಚನಶುದ್ಧಿ. ಆಹಾರ-ಜಲ ಶುದ್ಧಿಯವರೆಗೂ ಬಿಡದೆ ಹೇಳಿದರು. ಮುನಿಗಳ ಕೈಗೆ ನೀರು ಬಿಟ್ಟದ್ದು ಅತ್ತೆಯೇ. ನಾನು ಕಿಟಕಿಯಲ್ಲಿ ನಿಂತು ನೋಡುತ್ತಾ ಮೂಗು ಒರೆಸಿಕೊಂಡೆ.

ಆ ದಿನದಿಂದ ನನ್ನ ತಲೆಯಲ್ಲೊಂದು ಹುಳು ಹೊಕ್ಕಿದೆ. ನಾನೂ ದಿನಾ ಒಳ್ಳೆಯದನ್ನು ಸುರಿಯುತ್ತೇನೆ. ತಂಗಿಗೆ ಫೋನಿನಲ್ಲಿ ಬುದ್ಧಿಮಾತು, ಕೆಲಸದವಳಿಗೆ ಹಳೆಯ ಸೀರೆ, ಗೆಳತಿಯರಿಗೆ ನಸುಕಿನ ಶುಭೋದಯ ಮೆಸೇಜು. ಮುಚ್ಚಳ ತೆಗೆ, ಸುರಿ, ಮುಚ್ಚು. ಆಚೆ ತುದಿಗೆ ಹೋಗಿ ಇಣುಕಿದ್ದು ಯಾವಾಗ?

ಅಂದು ಮುನಿಗಳ ಆಹಾರ ಮುಗಿದ ಮೇಲೆ ಎಲ್ಲರೂ ಕಾಕಾನ ಮನೆಯಲ್ಲಿ ಊಟದ ಪಂಗತಿಗೆ ಕೂತಾಗ ಅತ್ತೆ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಕಾಕಾನ ಬಾವಿಯ ಹತ್ತಿರ. ನೋಯುವ ಮೊಣಕಾಲಿನಲ್ಲೇ ಮೆಟ್ಟಿಲು ಇಳಿದು, ಜೀವಾಣಿಯ ತಂಬಿಗೆಯನ್ನು ಹಗ್ಗಕ್ಕೆ ಕಟ್ಟಿ ಬಾವಿಗೆ ಇಳಿಬಿಟ್ಟು, ಬಗ್ಗಿ ಒಳಗೇ ನೋಡುತ್ತಿದ್ದರು.

"ಏನ ನೋಡಾಕತ್ತೀರಿ ಅತ್ತಿ? ಆ ಜೀವ ಕಣ್ಣಿಗೆ ಕಾಣತಾವೇನು?"

ಅತ್ತೆ ತಲೆ ಎತ್ತಲಿಲ್ಲ.

"ಅವು ಕಾಣಂಗಿಲ್ಲ ಖರೆ. ನೀರು ನೀರಿಗೆ ಮುಟ್ಟಿದ್ದು ಕಾಣತೈತಲ್ಲ?"