ಸಂಪಿಗೆಪೇಟೆಯ ಕಂಡಕ್ಟರ್ ವಿಜಯಮ್ಮ

ವಿಜಯಮ್ಮನವರ ತಾಳಿಸರದಲ್ಲಿ ತಾಳಿಯ ಪಕ್ಕಕ್ಕೆ ಒಂದು ಬೀಗದ ಕೈಯೂ ತೂಗುತ್ತಿತ್ತು. ಭದ್ರಾವತಿಯ ಹಳೇ ಕ್ವಾರ್ಟರ್ಸ್ ಹಿಂದಿನ ಬೀದಿಯಲ್ಲಿದ್ದ ಅವರ ಮನೆಯ ಗೇಟಿನ ಕೈ ಅದು. ಸ್ನಾನಕ್ಕೆ ಹೋಗುವಾಗಲೂ ಅದನ್ನು ತೆಗೆದಿಡುತ್ತಿರಲಿಲ್ಲ. ಗಂಡ ಮುನುಸ್ವಾಮಿಯವರಿಗೆ ಮರೆವಿನ ಕಾಯಿಲೆ. ಕಾರ್ಖಾನೆಯಿಂದ ನಿವೃತ್ತರಾಗಿ ಇಪ್ಪತ್ತು ವರ್ಷ ಕಳೆದಿದ್ದರೂ ಬೆಳಿಗ್ಗೆ ಎದ್ದರೆ ಅವರಿಗೆ ಶಿಫ್ಟಿಗೆ ಹೊತ್ತಾಗುತ್ತಿತ್ತು. ಒಮ್ಮೆ ಹಾಗೆಯೇ ಹೊರಟುಹೋಗಿ, ಸಂಜೆಯ ಹೊತ್ತಿಗೆ ಹೊಳೆಯ ಸೇತುವೆಯ ಮೇಲೆ ಬರಿಗಾಲಲ್ಲಿ ನಿಂತಿದ್ದವರನ್ನು ಯಾರೋ ಗುರುತಿಸಿ ಕರೆತಂದರಂತೆ. ಅಂದಿನಿಂದ ಗೇಟಿಗೆ ಬೀಗ. ಅವರು ಹೊರಗೆ ಹೋಗದಿರಲಿ ಎಂದು ಹಾಕಿದ ಬೀಗ ಇವರನ್ನೂ ಒಳಗೇ ಇರಿಸಿತು. ಮಕ್ಕಳಿರಲಿಲ್ಲ. ತರಕಾರಿ, ಔಷಧಿ ಎಲ್ಲವನ್ನೂ ಪಕ್ಕದ ಮನೆಯ ಸೆಲ್ವಿ ಕಾಂಪೌಂಡ್ ಮೇಲಿಂದ ದಾಟಿಸುತ್ತಿದ್ದಳು. ನನಗೆ ಪರಿಚಯವಾಗುವ ಹೊತ್ತಿಗೆ ವಿಜಯಮ್ಮ ಹೀಗೆ ನಾಲ್ಕು ವರ್ಷ ಕಳೆದಿದ್ದರು.

ಇಂಥವರು ನನಗೆ ಮೊದಲು ಗೊತ್ತಾದದ್ದು ಒಬ್ಬ ಬಸ್ ಕಂಡಕ್ಟರ್ ಆಗಿ.

ಆ ವರ್ಷ ಆಲ್ಕೊಳ ಸರ್ಕಲ್ ಹತ್ತಿರ ನನ್ನ ಸ್ಕೂಟರಿಗೆ ನಾಯಿ ಅಡ್ಡ ಬಂದು, ಬಿದ್ದು, ಬಲಗಾಲಿನ ಮೂಳೆ ಎರಡು ಕಡೆ ಮುರಿದಿತ್ತು. ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದ ನಾನು ಐದು ತಿಂಗಳು ವಿದ್ಯಾನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮಲಗಿರಬೇಕಾಯಿತು. ಕಿಟಕಿಯಿಂದ ಕಾಣುತ್ತಿದ್ದುದು ಎದುರುಮನೆಯ ಬಣ್ಣ ಕಾಣದ ಗೋಡೆ ಮತ್ತು ಒಂದು ಕಪ್ಪು ನೀರಿನ ಟ್ಯಾಂಕು. ನೋಡಲು ಬಂದವರು ಮದುವೆಗೆ ಮುಂಚೆ ಹೀಗಾಗಬಾರದಿತ್ತು ಎಂದು ಅಮ್ಮನ ಹತ್ತಿರ ಪಿಸುಗುಡುವಾಗ ನಾನು ನಿದ್ದೆ ಬಂದವಳಂತೆ ಕಣ್ಣು ಮುಚ್ಚಿಕೊಂಡಿರುತ್ತಿದ್ದೆ. ಬೇರೆಲ್ಲಿಗೆ ಎದ್ದು ಹೋಗಲಿ?

ಆಗ ಗೆಳತಿಯೊಬ್ಬಳು ಒಂದು ಲಿಂಕ್ ಕಳಿಸಿದಳು. ಆನ್‌ಲೈನ್‌ನಲ್ಲಿ ದಿನಚರಿ ಬರೆಯುವ ತಾಣವೊಂದರಲ್ಲಿ ಹತ್ತು ಹನ್ನೆರಡು ಜನ ಕನ್ನಡದವರು ಸೇರಿ ಒಂದು ಊರು ಕಟ್ಟಿಕೊಂಡಿದ್ದರು. ಹೆಸರು ಸಂಪಿಗೆಪೇಟೆ. ಆ ಊರಿಗೆ ಪೋಸ್ಟ್ ಮಾಸ್ಟರ್ ಇದ್ದ, ಲಾಡ್ಜಿನ ಒಡತಿ ಇದ್ದಳು, ಹಲ್ಲಿನ ಡಾಕ್ಟರ್ ಇದ್ದ. ಒಬ್ಬೊಬ್ಬರದೂ ಒಂದೊಂದು ಪಾತ್ರ, ಆ ಪಾತ್ರದ ಹೆಸರಿನಲ್ಲೇ ಒಂದು ದಿನಚರಿ. ಯಾರಾದರೂ 'ಬಸ್ ಸ್ಟ್ಯಾಂಡಿನಲ್ಲಿ ಮಧ್ಯಾಹ್ನ' ಎಂದು ಒಂದು ಸನ್ನಿವೇಶ ಬರೆದು ಹಾಕಿದರೆ, ಉಳಿದವರು ತಮ್ಮ ಪಾತ್ರವಾಗಿ ಅದರ ಕೆಳಗೆ ಸರದಿಯ ಮೇಲೆ ಉತ್ತರ ಬರೆಯುತ್ತಾ ಹೋಗುತ್ತಿದ್ದರು. ನಾಟಕದಂತೆಯೇ, ಆದರೆ ಮುಂದೇನಾಗುತ್ತದೆ ಎಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಸೇರಬೇಕಾದರೆ ಪಾತ್ರದ ವಿವರ ಬರೆದು ಅರ್ಜಿ ಹಾಕಬೇಕಿತ್ತು. ಅರ್ಜಿ ನೋಡುತ್ತಿದ್ದವನು 'ಕಂಡಕ್ಟರ್ ತಿಮ್ಮಣ್ಣ'.

ನಾನು ಬಲು ಉತ್ಸಾಹದಿಂದ ಒಬ್ಬ ಡಾಕ್ಟರಮ್ಮನನ್ನು ಸೃಷ್ಟಿಸಿದೆ. ಸುಂದರಿ, ಭರತನಾಟ್ಯ ಬಲ್ಲವಳು, ನಾಲ್ಕು ಭಾಷೆ ಮಾತಾಡುವವಳು, ಊರಿಗೆಲ್ಲ ಬೇಕಾದವಳು. ಮರುದಿನ ಅರ್ಜಿ ವಾಪಸ್ ಬಂತು. ಕೆಳಗೆ ಹೀಗೆ ಬರೆದಿತ್ತು: 'ನಿಮ್ಮ ಡಾಕ್ಟರಮ್ಮನಿಗೆ ಯಾವುದಕ್ಕೂ ಕೊರತೆ ಇಲ್ಲ. ಕೊರತೆ ಇಲ್ಲದವರು ಪಕ್ಕದ ಮನೆ ಬಾಗಿಲು ಯಾಕೆ ತಟ್ಟುತ್ತಾರೆ? ಒಂದು ಲೋಟ ಮೊಸರಿಗಾದರೂ ಇನ್ನೊಬ್ಬರ ಮನೆಗೆ ಹೋಗಬೇಕಾದವರನ್ನು ಕಳಿಸಿ.'

ಸಿಟ್ಟು ಬಂತು. ಎರಡು ದಿನ ಬಿಟ್ಟು, ಒಂದು ಕಿವಿ ಕೇಳಿಸದ ವನಜ ಎಂಬ ಟೈಲರಮ್ಮನನ್ನು ಬರೆದು ಕಳಿಸಿದೆ. ಜನ ಹೇಳಿದ ಅಳತೆ ತಪ್ಪಾಗಿ ಕೇಳಿಸಿಕೊಂಡು ಬ್ಲೌಸ್ ಕೆಡಿಸುವವಳು, ಆದರೆ ಕಿವಿ ಕೇಳಿಸುವುದಿಲ್ಲ ಎಂದು ಒಪ್ಪಿಕೊಳ್ಳದವಳು. ಒಂದು ಗಂಟೆಯಲ್ಲಿ ಉತ್ತರ ಬಂತು: 'ಇವಳು ಬರಲಿ. ಊರಲ್ಲಿ ಜಗಳಕ್ಕೆ ಜನ ಕಮ್ಮಿ ಇದ್ದರು.'

ನನ್ನ ಮೊದಲ ಸನ್ನಿವೇಶ ತಿಮ್ಮಣ್ಣನ ಬಸ್ಸಿನಲ್ಲಿ. 'ವನಜ ಬಸ್ ಹತ್ತಿದಳು. ಕಂಡಕ್ಟರ್ ನಕ್ಕು ಸೀಟು ತೋರಿಸಿದ. ಅವಳು ಕೂತಳು' ಎಂದು ಬರೆದೆ. ಆ ಬರಹ ಸರಿಯಿಲ್ಲ, ಬರೆದು ತಿಳಿಸಲು ಆಗುವುದಿಲ್ಲ, ನಂಬರ್ ಕೊಟ್ಟರೆ ಫೋನ್ ಮಾಡುತ್ತೇನೆ ಎಂದು ತಿಮ್ಮಣ್ಣನಿಂದ ಸಂದೇಶ ಬಂತು. ಗಂಡಸಿನ ದನಿಗೆ ಕಾದಿದ್ದ ನನಗೆ ಕೇಳಿಸಿದ್ದು, ಕನ್ನಡದ ಮೇಲೆ ಸ್ವಲ್ಪ ತಮಿಳಿನ ಎಳೆತವಿದ್ದ ವಯಸ್ಸಾದ ಹೆಂಗಸಿನ ದನಿ.

"ನನ್ನ ತಿಮ್ಮಣ್ಣ ನಗಬೇಕೋ ಬೇಡವೋ ನಾನು ನೋಡ್ಕೋತೀನಿ, ಕಣ್ಣಮ್ಮಾ. ನೀನು ಹತ್ತಿ ನಿಂತ್ಕೋ, ಅಷ್ಟೇ. ಆಮೇಲೆ ಅವನಿಗೆ ಹಿಡ್ಕೊಳ್ಳೋಕೆ ಏನಾದ್ರೂ ಬಿಡು. ಒಂದು ಮಾತೋ, ಬಿದ್ದ ಚೀಲವೋ. ನೀನೇ ಎಲ್ಲ ಮುಗಿಸಿಬಿಟ್ರೆ ನಾನು ಯಾಕೆ ಬರೀಬೇಕು?"

ಅಷ್ಟರಲ್ಲಿ ಹಿಂದಿನಿಂದ ಗೇಟು ಜಗ್ಗುವ ಸದ್ದು ಕೇಳಿಸಿತು. ಅವರು ಫೋನು ದೂರ ಹಿಡಿದು ತಮಿಳಿನಲ್ಲಿ ಏನೋ ಹೇಳಿ, ಆಮೇಲೆ ಮಾತಾಡುತ್ತೇನೆ ಎಂದು ಇಟ್ಟುಬಿಟ್ಟರು.

ಹೀಗೆ ಶುರುವಾಯಿತು ನನ್ನ ಕಲಿಕೆ. ಮಧ್ಯಾಹ್ನ ಊಟವಾದ ಮೇಲೆ ಮುನುಸ್ವಾಮಿಯವರು ಎರಡು ಗಂಟೆ ಮಲಗುತ್ತಿದ್ದರು. ಆ ಎರಡು ಗಂಟೆ ವಿಜಯಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಫೋನಿಟ್ಟುಕೊಂಡು, ಒಂದೇ ಬೆರಳಿನಲ್ಲಿ ಒತ್ತಿ ಒತ್ತಿ ತಿಮ್ಮಣ್ಣನ ಬಸ್ಸು ಓಡಿಸುತ್ತಿದ್ದರು. ಘಾಟಿ ಇಳಿಸುತ್ತಿದ್ದರು, ಹೊಳೆ ದಾಟಿಸುತ್ತಿದ್ದರು, ತಾವು ಕಂಡೇ ಇರದ ಊರುಗಳಲ್ಲಿ ಚಹಾಕ್ಕೆ ನಿಲ್ಲಿಸುತ್ತಿದ್ದರು. ಪಾತ್ರದ ಮಾತೇ ಬೇರೆ, ನಮ್ಮ ಮಾತೇ ಬೇರೆ, ಎರಡನ್ನೂ ಕಲಸಬಾರದು ಎಂಬುದು ಅವರ ಕಟ್ಟುನಿಟ್ಟು. ವನಜಳ ಮೇಲೆ ತಿಮ್ಮಣ್ಣ ರೇಗಿದ ದಿನ, ಅದರ ಹಿಂದೆಯೇ ಕಾಲುನೋವು ಹೇಗಿದೆ ಎಂದು ವಿಜಯಮ್ಮನ ಸಂದೇಶ ಬರುತ್ತಿತ್ತು. ಉತ್ತರ ತಡವಾದರೆ ಆತುರಪಡಿಸುತ್ತಿರಲಿಲ್ಲ. 'ಬಸ್ಸು ನಿಂತಿರತ್ತೆ, ನಿಧಾನಕ್ಕೆ ಹತ್ತು' ಎನ್ನುತ್ತಿದ್ದರು. ಐದು ತಿಂಗಳು ನಾನು ಆ ಕೋಣೆಯಲ್ಲಿದ್ದುಕೊಂಡೂ ಹುಚ್ಚಿಯಾಗದೆ ಉಳಿದದ್ದು ಆ ಬಸ್ಸಿನಿಂದ.

ಪ್ಲಾಸ್ಟರ್ ತೆಗೆದು ಕೋಲು ಹಿಡಿದು ನಡೆಯುವಂತಾದ ಮೇಲೆ ನಾನು ಮೊದಲು ಹೋದದ್ದು ಭದ್ರಾವತಿಗೆ. ವಿಜಯಮ್ಮ ಕುತ್ತಿಗೆ ಬಗ್ಗಿಸಿ, ಸರ ತೆಗೆಯದೆಯೇ ಬೀಗ ತೆಗೆದು, ನಾನು ಒಳಗೆ ಬಂದ ಕೂಡಲೇ ಮತ್ತೆ ಹಾಕಿದರು. ಸಣ್ಣ ಆಳು, ಬೆಳ್ಳಗಾದ ಕೂದಲು, ಯಾವಾಗಲೂ ಏನೋ ಕೇಳಿಸಿಕೊಳ್ಳುತ್ತಿರುವಂತೆ ವಾಲಿದ ತಲೆ. ಮುನುಸ್ವಾಮಿಯವರು ಇಸ್ತ್ರಿ ಮಾಡಿದ ಖಾಕಿ ಅಂಗಿ ತೊಟ್ಟು ಜಗಲಿಯ ಮೇಲೆ ಕೂತಿದ್ದರು. ನನ್ನನ್ನು ಕಂಡು, ಯಾವ ಶಿಫ್ಟ್ ಎಂದು ಕೇಳಿದರು.

ನಿಜ ಹೇಳುವುದೇ ಮರ್ಯಾದೆ ಎಂದುಕೊಂಡು, "ನೀವು ರಿಟೈರ್ ಆಗಿ ಇಪ್ಪತ್ತು ವರ್ಷ ಆಯ್ತಲ್ಲ ಸಾರ್" ಎಂದೆ.

ಅವರ ಮುಖ ಒಮ್ಮೆಗೇ ಕುಸಿಯಿತು. ತನ್ನನ್ನು ಯಾಕೆ ತೆಗೆದರು, ತಾನೇನು ತಪ್ಪು ಮಾಡಿದೆ ಎಂದು ಕೇಳತೊಡಗಿದರು. ಎದ್ದು ಗೇಟಿನ ಸರಳು ಹಿಡಿದು ಜಗ್ಗಿದರು. ಮಣಿಕಟ್ಟು ತರಚಿ ರಕ್ತ ಬಂತು. ವಿಜಯಮ್ಮ ಓಡಲಿಲ್ಲ, ಕೂಗಲಿಲ್ಲ. ಹತ್ತಿರ ಹೋಗಿ, ಸೆರಗು ಸರಿಮಾಡಿಕೊಂಡು, ಆಫೀಸಿನ ಗುಮಾಸ್ತೆಯ ದನಿಯಲ್ಲಿ, ಇವತ್ತು ಅವರಿಗೆ ವಾರದ ರಜೆ, ಬೋರ್ಡಿನಲ್ಲಿ ಹೆಸರು ಹಾಕಿದ್ದಾರೆ, ಬೇಕಾದರೆ ನಾಳೆ ಬಂದು ನೋಡಲಿ ಎಂದರು. ಮುನುಸ್ವಾಮಿಯವರು ಯಾರು ಸಹಿ ಹಾಕಿದ್ದು ಎಂದು ಕೇಳಿದರು. ಇವರು ಒಂದು ಹೆಸರು ಹೇಳಿದರು. ಅವರು ತಲೆಯಾಡಿಸಿ ಬಂದು ಕೂತರು.

ಗಾಯಕ್ಕೆ ಅರಿಶಿನ ಹಚ್ಚುತ್ತಾ ವಿಜಯಮ್ಮ ನನ್ನನ್ನು ಬೈಯಲಿಲ್ಲ. "ಮೊದಲೆರಡು ವರ್ಷ ನಾನೂ ನಿಜಾನೇ ಹೇಳ್ತಿದ್ದೆ ಮಾ" ಎಂದರು. "ದಿನಾ ಹೊಸದಾಗಿ ಕೆಲಸ ಕಳ್ಕೊಳ್ಳೋರು, ಪಾಪ. ಈಗ ಅವರು ಕಟ್ಕೊಂಡ ಊರಲ್ಲೇ ನಾನೂ ಇರ್ತೀನಿ." ಸಂಪಿಗೆಪೇಟೆಯಲ್ಲಿ ಅವರು ಅಷ್ಟು ಸಲೀಸಾಗಿ ಓಡಾಡುತ್ತಿದ್ದುದು ಹೇಗೆಂದು ಆಗ ತಿಳಿಯಿತು. ಬೆಳಗಿನಿಂದ ರಾತ್ರಿಯವರೆಗೆ ಅವರು ಮಾಡುತ್ತಿದ್ದುದು ಅದನ್ನೇ. ವ್ಯತ್ಯಾಸವೆಂದರೆ, ಇಲ್ಲಿ ಪಾತ್ರ ಬಿಟ್ಟು ಹೊರಗೆ ಬರಲು ಅವರಿಗೆ ಸಮಯವೇ ಇರಲಿಲ್ಲ.

ಎರಡನೇ ಸಲ ಹೋದಾಗ, ನಾನು ಯಜಮಾನರ ಜೊತೆ ಕೂರುತ್ತೇನೆ, ನೀವು ಹೊರಗೆ ಹೋಗಿಬನ್ನಿ ಎಂದೆ. ತುಂಬಾ ಹೊತ್ತು ಒಪ್ಪಲಿಲ್ಲ. ಕೊನೆಗೆ ಒಳ್ಳೆಯ ಸೀರೆ ಉಟ್ಟು, ಸರದಿಂದ ಬೀಗದ ಕೈ ಬಿಚ್ಚಿ ನನಗೆ ಕೊಟ್ಟು ಹೊರಟರು. ಶಿವಮೊಗ್ಗದ ಬಸ್ ಹತ್ತಿ ತುಂಗೆಯ ತನಕ ಹೋಗಿಬರುತ್ತಾರೆ ಎಂದು ನಾನು ಎಣಿಸಿದ್ದೆ. ಇಪ್ಪತ್ತು ನಿಮಿಷಕ್ಕೆ ಗೇಟಿನ ಹೊರಗೆ ನಿಂತಿದ್ದರು. ಬೀದಿಯ ತುದಿಯವರೆಗೆ ಹೋದರಂತೆ. ಬಸ್ಸು ಬಂತಂತೆ, ನಿಂತಿತಂತೆ.

"ಎಲ್ಲಿಗೆ ಅಂತ ಕೇಳಿದ್ರು. ಬಾಯಿಗೆ ಏನೂ ಬರ್ಲಿಲ್ಲ" ಎಂದರು.

ಆಮೇಲೆ ನಾನು ಕೆಲಸಕ್ಕೆ ಮರಳಿದೆ. ತಿಂಗಳಿಗೆ ಎರಡು ಸಲ ಹೋಗುತ್ತಿದ್ದವಳು ಒಂದು ಸಲ ಹೋದೆ, ಆಮೇಲೆ ಬರೀ ಫೋನ್ ಮಾಡಿದೆ. ಸಂಪಿಗೆಪೇಟೆಯಲ್ಲಿ ವನಜಳ ಸರದಿ ವಾರಗಟ್ಟಲೆ ಬಾಕಿ ಬೀಳತೊಡಗಿತು. ನಡೆಯುವಂತಾದ ನನಗೆ ಆ ಬಸ್ಸಿನ ಅಗತ್ಯ ಕಡಿಮೆಯಾಗಿತ್ತು ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ. ವಿಜಯಮ್ಮ ಒಂದು ದಿನವೂ ಕೇಳಲಿಲ್ಲ.

ಮುಂದಿನ ವರ್ಷ ಅವರೇ ಫೋನ್ ಮಾಡಿದರು. ಸೇಲಂ ಕಡೆ ಇರುವ ತಮ್ಮ ಬಂದಿದ್ದಾನೆ, ಇಬ್ಬರನ್ನೂ ತನ್ನ ಮನೆಗೆ ಕರೆದುಕೊಂಡು ಹೋಗುತ್ತಾನಂತೆ, ಈ ಮನೆ ಖಾಲಿ ಮಾಡಬೇಕಂತೆ. ನಿಮಗೆ ಇಷ್ಟವೇ ಎಂದು ಕೇಳಿದೆ. ಇಷ್ಟದ ಮಾತು ಆಡಲಿಲ್ಲ. "ಇವರು ರೈಲು ಹತ್ತಲ್ಲ, ನೋಡ್ತಿರು" ಎಂದರು. "ಹತ್ತದೇ ಹೋದ್ರೆ ಇಲ್ಲೇ ಇರ್ತೀವಿ. ತಮ್ಮನಿಗೂ ಹಾಗೇ ಹೇಳಿದೀನಿ." ಹೆದರಿಕೊಂಡು ಹೇಳುತ್ತಿದ್ದಾರೆ ಎಂದುಕೊಂಡೆ.

ಹೊರಡುವ ಬೆಳಿಗ್ಗೆ ಭದ್ರಾವತಿ ಸ್ಟೇಷನ್ನಿಗೆ ಹೋದೆ. ತಮ್ಮ ಒಳ್ಳೆಯ ಮನುಷ್ಯನೇ. ಅಕ್ಕನ ಕೈಯಿಂದ ಒಂದು ಚೀಲವನ್ನೂ ಹೊರಿಸಿರಲಿಲ್ಲ. ರೈಲು ಬಂತು. ವಿಜಯಮ್ಮ ಹೇಳಿದ್ದಂತೆಯೇ ಆಯಿತು. ಮುನುಸ್ವಾಮಿಯವರು ಕಂಬ ಹಿಡಿದು ನಿಂತುಬಿಟ್ಟರು. ಶಿಫ್ಟ್ ಬಿಟ್ಟು ಬರುವುದಿಲ್ಲ ಎಂದರು. ತಮ್ಮ ಅವರ ರಟ್ಟೆ ಹಿಡಿದು ಎಳೆದ, ಅವರು ಕೂಗಿಕೊಂಡರು, ಜನ ನೋಡತೊಡಗಿದರು. ರೈಲು ನಿಲ್ಲುವುದೇ ಎರಡು ನಿಮಿಷ. ವಿಜಯಮ್ಮ ಪಕ್ಕದಲ್ಲೇ ಇದ್ದರು. ಒಂದು ಮಾತೂ ಆಡಲಿಲ್ಲ. ಅಷ್ಟು ಬಲ್ಲವರು ಯಾಕೆ ಸುಮ್ಮನಿದ್ದಾರೆ ಎಂದು ನಾನು ಯೋಚಿಸಲಿಲ್ಲ. ದಿಕ್ಕು ತೋಚದೆ ನಿಂತಿದ್ದಾರೆ ಎಂದು ತಿಳಿದು ಮುಂದೆ ಹೋದೆ.

"ಸಾರ್, ನಿಮ್ಮನ್ನ ಹೊಸ ಪ್ಲಾಂಟಿಗೆ ಹಾಕಿದಾರೆ" ಎಂದೆ. "ಅಲ್ಲಿ ಕುಲುಮೆ ಹಚ್ಚೋಕೆ ಹಳಬರು ಯಾರೂ ಇಲ್ವಂತೆ. ಆರ್ಡರ್ ಆಗಿದೆ. ಈ ಗಾಡಿಗೇ ಹೋಗ್ಬೇಕು."

ಅವರು ಕಂಬ ಬಿಟ್ಟರು. ಅಂಗಿಯ ಗುಂಡಿ ಹಾಕಿಕೊಂಡು, ಯಾರ ಆಸರೆಯೂ ಇಲ್ಲದೆ ಮೆಟ್ಟಿಲು ಹತ್ತಿದರು. ತಮ್ಮ ನನಗೆ ಕೈ ಮುಗಿದು ಹಿಂದೆಯೇ ಹತ್ತಿದ. ವಿಜಯಮ್ಮ ಮಾತ್ರ ಕೆಳಗೇ ನಿಂತು ಒಂದು ಗಳಿಗೆ ನನ್ನನ್ನೇ ನೋಡಿದರು. ರೈಲು ಅಲುಗಿತು. ತಮ್ಮ ಬಾಗಿಲಿನಿಂದ ಕೈ ಚಾಚಿ ಅವರನ್ನು ಮೇಲಕ್ಕೆಳೆದುಕೊಂಡ.

ಸಂಪಿಗೆಪೇಟೆಗೆ ಅವರು ಮತ್ತೆ ಬರಲಿಲ್ಲ. ತಿಮ್ಮಣ್ಣನ ದಿನಚರಿ ಹಾಗೆಯೇ ಇದೆ, ಅದನ್ನು ಬೇರೆಯವರಿಗೆ ಕೊಡಲು ನಾವು ಯಾರೂ ಒಪ್ಪಲಿಲ್ಲ. ಮೂರು ತಿಂಗಳ ಮೇಲೆ ತಮ್ಮನ ನಂಬರಿಗೆ ಫೋನ್ ಮಾಡಿದಾಗ ಒಂದೇ ಸಲ ಮಾತಿಗೆ ಸಿಕ್ಕರು. ಅಲ್ಲಿ ಮನೆ ತುಂಬ ಜನ, ಯಜಮಾನರನ್ನು ಎಲ್ಲರೂ ಚೆನ್ನಾಗಿ ನೋಡಿಕೊಳ್ಳುತ್ತಾರೆ, ತನ್ನ ಫೋನು ಹಾಳಾಯಿತು, ಇನ್ನೊಂದು ಬೇಕೆಂದು ಯಾರನ್ನು ಕೇಳಲಿ, ಮಧ್ಯಾಹ್ನವೂ ಅಡುಗೆಮನೆಯಲ್ಲಿ ಯಾರಾದರೂ ಇದ್ದೇ ಇರುತ್ತಾರೆ ಎಂದರು. ದನಿ ತಗ್ಗಿಸಿ ಮಾತಾಡುತ್ತಿದ್ದರು.

ನಾನು ಅವತ್ತು ಸ್ಟೇಷನ್ನಿನಲ್ಲಿ ಆಡಿದ ಮಾತು ತಪ್ಪಾಯಿತೇ ಎಂದು ಕೇಳಿದೆ.

ಹಿಂದೆ ಮಕ್ಕಳ ಗಲಾಟೆ, ಪಾತ್ರೆಗಳ ಸದ್ದು ಕೇಳಿಸುತ್ತಿತ್ತು.

"ಚೆನ್ನಾಗಿ ಹೇಳ್ದೆ ಮಾ" ಎಂದರು ಕೊನೆಗೆ. "ನಾನಾಗಿದ್ರೂ ಅಷ್ಟು ಚೆನ್ನಾಗಿ ಹೇಳ್ತಿರಲಿಲ್ಲ." ಆಮೇಲೆ, ಯಾರೋ ಕರೆಯುತ್ತಿದ್ದಾರೆ ಎಂದು ಫೋನಿಟ್ಟರು.